ಹೆಂಡತಿಯ ಪುಸ್ತಕದಲ್ಲಿ ಸತ್ತವನು

ಹೆಂಡತಿಯ ಪದ್ಯಗಳನ್ನು ಓದದೆ ಇದ್ದಿದ್ದರೆ ಮಹದೇವು ಆ ಭಾನುವಾರ ರೊಟ್ಟಿ ತಿಂದು ಸುಖವಾಗಿ ಮಲಗಿರುತ್ತಿದ್ದ. ಮದುವೆಯಾಗಿ ಹದಿನೈದು ವರ್ಷ ಓದದೆ ಕಳೆದವನಿಗೆ ಇನ್ನೊಂದು ದಿನ ಕಳೆಯುವುದು ಏನೂ ಕಷ್ಟವಿರಲಿಲ್ಲ. ಕೆಡಿಸಿದ್ದು ಆಹ್ವಾನ ಪತ್ರಿಕೆ.

ಮಂಡ್ಯದ ಪ್ರಕಾಶಕ ಜಯಪ್ರಕಾಶನಿಗೆ ಒಂದು ಪದ್ಧತಿ ಇತ್ತು. ಹೆಂಗಸರು ಬರೆದ ಪುಸ್ತಕವಾದರೆ ಬಿಡುಗಡೆಯ ದಿನ ಗಂಡನನ್ನು ವೇದಿಕೆ ಹತ್ತಿಸಿ ಮಾತಾಡಿಸುವುದು. ಗಂಡ ಹತ್ತಿದರೆ ಗಂಡನ ಕಡೆಯ ನೆಂಟರೂ ಬರುತ್ತಾರೆ, ಕುರ್ಚಿ ತುಂಬುತ್ತದೆ ಎಂಬುದು ಅವನ ಯೋಚನೆ. ಹಾಗಾಗಿ ಶಶಿರೇಖಾಳ ‘ಕತ್ತಲ ಕೈತುತ್ತು’ ಕವನ ಸಂಕಲನ ಸಂಜೆ ಮಳವಳ್ಳಿಯಲ್ಲಿ ಬಿಡುಗಡೆಯಾಗುವುದೆಂದೂ, ಕವಯಿತ್ರಿಯ ಪತಿ ಪುಸ್ತಕದ ಬಗ್ಗೆ ಮಾತನಾಡುವರೆಂದೂ ಅಚ್ಚಾಗಿ ಹೋಗಿತ್ತು. ಪತಿಯೋ, ಜಲಪಾತದ ಪಕ್ಕದ ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿ ಮೆಕ್ಯಾನಿಕ್ಕು. ಯಂತ್ರದ ಸದ್ದಿನಲ್ಲಿ ಬದುಕು ಕಳೆದವನಿಗೆ ಮಾತಿನ ಅಗತ್ಯವೇ ಬಿದ್ದಿರಲಿಲ್ಲ.

ಮಾತಾಡಬೇಕಾದರೆ ಓದಬೇಕಲ್ಲ. ಶಶಿರೇಖಾ ಅಡುಗೆ ಮನೆಯಲ್ಲಿದ್ದಾಗ ಮಹದೇವು ಕ್ವಾರ್ಟರ್ಸಿನ ಜಗಲಿಯ ಮೇಲೆ ಕೂತು ಪುಸ್ತಕ ಬಿಚ್ಚಿದ. ಹೊಸ ಕಾಗದದ ವಾಸನೆ ಚೆನ್ನಾಗಿತ್ತು. ಮೊದಲ ಪದ್ಯದ ಹೆಸರು ‘ಊಟ’.

ಅವನ ತಟ್ಟೆಗೆ ಬಡಿಸಿದೆ
ದಿನವೂ ಒಂದೊಂದು ಚಿಟಿಕೆ.
ಬಾಯಿ ಬಿಡದೆ ನುಂಗಿದ.
ಒಂದು ದಿನ ಉಸಿರೂ ಬಿಡಲಿಲ್ಲ.

ಮಹದೇವು ಇನ್ನೊಂದು ಸಲ ಓದಿದ. ಅರ್ಥ ಬದಲಾಗಲಿಲ್ಲ. ಪುಟ ತಿರುವಿದರೆ ಅಲ್ಲಿಯೂ ‘ಅವನು’ ಸತ್ತ. ಮುಂದಿನ ಪುಟದಲ್ಲಿ ಬೇರೆ ಥರ ಸತ್ತ. ಬೆನ್ನ ಹುರಿಯಲ್ಲಿ ಜರಿಹುಳ ಹರಿದಂತಾಯಿತು. ಈ ಮನೆಯಲ್ಲಿ ಅವನು ಎಂಬುವನು ತಾನೊಬ್ಬನೇ.

“ತಿಂಡಿಗೆ ಬನ್ನಿ” ಎಂದಳು ಶಶಿರೇಖಾ ಒಳಗಿನಿಂದ. ಅದರ ಜೊತೆಗೆ ಒಂದು ಹಾಡನ್ನೂ ಗುನುಗಿದಳು. ಅವಳು ಹಾಡುವುದನ್ನು ಅವನು ಕೇಳಿ ಬಹಳ ಕಾಲವಾಗಿತ್ತು. ಇವತ್ತೇ ಯಾಕೆ ಈ ಸಂತೋಷ?

ತಟ್ಟೆಯಲ್ಲಿ ರಾಗಿ ರೊಟ್ಟಿ, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿ. ಹುಚ್ಚೆಳ್ಳು ಚಟ್ನಿ ಕಪ್ಪಗಲ್ಲದೆ ಕೆಂಪಗಿರುತ್ತದೆಯೇ? ಆದರೂ ಆವತ್ತು ಅದು ಅವನ ಕಣ್ಣಿಗೆ ಅಮಾವಾಸ್ಯೆಯನ್ನೇ ರುಬ್ಬಿ ಇಟ್ಟ ಹಾಗೆ ಕಂಡಿತು. “ಜಗಲೀಲಿ ತಿಂತೀನಿ” ಎಂದು ತಟ್ಟೆ ಎತ್ತಿಕೊಂಡು ಹೊರಗೆ ಬಂದ. ರೊಟ್ಟಿಯ ಚೂರನ್ನು ಚಟ್ನಿಗೆ ಅದ್ದಿ ಪಕ್ಕದ ಮನೆ ಮಂಚಮ್ಮನ ಕೋಳಿಗೆ ಎಸೆದ. ಕೋಳಿ ತಿಂದಿತು. ತಲೆ ವಾರೆ ಮಾಡಿ ಅವನನ್ನು ನೋಡಿತು. ಆಮೇಲೆ ಮಣ್ಣಿನಲ್ಲಿ ದೊಪ್ಪನೆ ಬಿದ್ದು ರೆಕ್ಕೆ ಬಡಿಯತೊಡಗಿತು.

“ಅಯ್ಯಯ್ಯೋ!” ಎಂದು ಮಹದೇವು ತಟ್ಟೆ ಬಿಟ್ಟುಬಿಟ್ಟ.

ಮಂಚಮ್ಮ ಪೊರಕೆ ಸಮೇತ ಓಡಿ ಬಂದಳು. “ಯಾಕ್ಲಾ ಮಾದೇವು, ನನ್ ಕೋಳಿಗೇನ್ ಮಾಡ್ದೆ? ಮಣ್ಣಾಡ್ತಾ ಕೂತದೆ, ಆಡ್ಲಿ ಬುಡು. ನಿನ್ ಮಕ ಯಾಕಿಂಗೆ ಸುಣ್ಣ ಬಳ್ದಂಗಾಗದೆ?”

ಕೋಳಿ ಎದ್ದು ಮೈ ಕೊಡವಿಕೊಂಡು ಹೋಯಿತು. ಆದರೆ ಮಂಚಮ್ಮ ಹೋಗಲಿಲ್ಲ. ವಿಷಯ ತಿಳಿಯದೆ ಅವಳು ಯಾವ ಜಗಲಿಯಿಂದಲೂ ಇಳಿದವಳಲ್ಲ. ಓದು ಬಾರದ ಅವಳಿಗೆ ಮಹದೇವು ಪಿಸುದನಿಯಲ್ಲಿ ಪದ್ಯ ಓದಿ ಹೇಳಿದ. ಮಂಚಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ದಿನಾ ಒಂದೊಂದು ಚಿಟ್ಕೆನಾ?”

“ಅಂಗೇ ಬರ್ದವ್ಳೆ ಕಣಮ್ಮೋ.”

“ಅಲ್ಲಾ ಕಣಪ್ಪ, ಹೋದ ತಿಂಗ್ಳು ನಿಂಗೆ ಹೊಟ್ಟೆ ನೋವು ಬಂದಿತ್ತಲ್ಲ?”

ಮಹದೇವು ಅದನ್ನು ಮರೆತಿದ್ದ. ಈಗ ನೆನಪಾಗಿ ಹೊಟ್ಟೆ ಅಲ್ಲೇ ನೋಯತೊಡಗಿತು.

“ಅವ್ಳ ಕೈಲಿ ಒಂದ್ ತೊಟ್ಟು ನೀರೂ ಕುಡೀಬ್ಯಾಡ. ನಾನ್ ಯಾರ್ಗೂ ಯೋಳಲ್ಲ” ಎಂದು ಮಂಚಮ್ಮ ಎದ್ದಳು. ಅವಳು ಹಾಗೆ ಅಂದಳೆಂದರೆ ಮಧ್ಯಾಹ್ನದೊಳಗೆ ಕ್ವಾರ್ಟರ್ಸಿಗೆಲ್ಲ ಸುದ್ದಿ ಮುಟ್ಟಿತೆಂದೇ ತಿಳಿಯಬೇಕು.

ತಲೆಗೆ ನೀರು ಬಿದ್ದರೆ ಬುದ್ಧಿ ತಿಳಿಯಾದೀತೆಂದು ಮಹದೇವು ಬಚ್ಚಲಿಗೆ ಹೋದ. ಸ್ನಾನ ಮುಗಿಸಿ ಬಾಗಿಲು ಎಳೆದರೆ ಬರಲಿಲ್ಲ. ಯಾರೋ ಹೊರಗಿನಿಂದ ಚಿಲಕ ಹಾಕಿದ್ದರು. ಹಂಡೆಯ ಒಲೆ ಸಣ್ಣಗೆ ಹೊಗೆಯಾಡುತ್ತಿತ್ತು. ಎರಡನೆಯ ಪದ್ಯದ ಹೆಸರು ‘ಬಾಗಿಲು’ ಎಂಬುದು ಅವನಿಗೆ ಆಗ ನೆನಪಾಯಿತು.

ಹೊರಗೆ ಚಿಲಕ ಹಾಕಿ ಹೊರಟೆ.
ಒಳಗೆ ಅವನು ಕರೆದ, ಕರೆದ,
ಕರೆಯುವುದನ್ನೇ ಮರೆತ.

“ಶಶೀ! ಲೇ ಶಶೀ! ಮಂಚಮ್ಮೋ! ಯಾರಾದ್ರೂ ಬನ್ರೋ, ಸಾಯ್ತೀನಿ!”

ಬಾಗಿಲು ತೆರೆದಾಗ ಎದುರಿಗೆ ಶಶಿರೇಖಾ ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. ಅವಳ ಹಿಂದೆ ಅರ್ಧ ಕ್ವಾರ್ಟರ್ಸು ನಿಂತಿತ್ತು.

“ಇಷ್ಟಕ್ಕೆ ಊರೆಲ್ಲ ಕೂಗ್ತೀರಲ್ಲ. ಬೆಕ್ಕು ನುಗ್ಗುತ್ತೆ ಅಂತ ಚಿಲಕ ಹಾಕೋದು ರೂಢಿ. ನೀವು ಆಚೆ ಬಂದಿದ್ದೀರಿ ಅಂದ್ಕೊಂಡೆ” ಎಂದಳು ಶಶಿರೇಖಾ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರ ಕಣ್ಣಿಗೂ ಬೆಕ್ಕು ಕಾಣಿಸಲಿಲ್ಲ.

ಅಷ್ಟರಲ್ಲಿ ಅಕ್ರಂ ಪಾಷಾ ತನ್ನ ಓಮ್ನಿ ವ್ಯಾನು ತಂದು ನಿಲ್ಲಿಸಿದ. ಪವರ್ ಹೌಸಿನಲ್ಲಿ ಮಹದೇವುವಿನ ಜೊತೆ ಕೆಲಸ ಮಾಡುವವನು, ಮಳವಳ್ಳಿಗೆ ಕರೆದೊಯ್ಯುತ್ತೇನೆಂದು ಒಪ್ಪಿಕೊಂಡಿದ್ದ. ಮಹದೇವು ಅವನನ್ನು ವ್ಯಾನಿನ ಮರೆಗೆ ಎಳೆದು ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿ ಪುಸ್ತಕ ಕೈಗಿಟ್ಟ. ಅಕ್ರಂ ತುಟಿ ಅಲ್ಲಾಡಿಸುತ್ತ ಓದಿದ.

“ಲೇ ಮಾದೇವ, ಬೆಳಿಗ್ಗೆ ಊಟದ್ದಾಯ್ತು. ಈಗ ಬಾಗಿಲದ್ದಾಯ್ತು. ಎಲ್ಲಾ ಸಾಲಾಗಿ ಬತ್ತಾವೆ ಕಣ್ಲಾ.”

“ಅಂದ್ರೆ?”

“ಮೂರನೇದು ಏನೈತೆ ನೋಡುವಾ, ತಡಿ.” ಅಕ್ರಂ ಪುಟ ತಿರುವಿದ. ಓದುತ್ತ ಓದುತ್ತ ದನಿ ತಗ್ಗಿಸಿದ.

ಕೈ ಹಿಡಿದು ಹೊಳೆಯ ಅಂಚಿಗೆ ಕರೆದೆ.
ನೋಡು, ಎಷ್ಟು ಚೆಂದ ಎಂದೆ.
ಅವನು ನೋಡಿದ.
ನಾನು ಕೈ ಬಿಟ್ಟೆ.

“ಅಕ್ರಂ ಅಣ್ಣಾ,” ಶಶಿರೇಖಾ ವ್ಯಾನು ಹತ್ತುತ್ತ ಕೂಗಿದಳು, “ಮಳವಳ್ಳಿಗೆ ಹೋಗೋಕೆ ಮುಂಚೆ ಜಲಪಾತದ ಹತ್ರ ಒಂಚೂರು ನಿಲ್ಸಿ. ಪುಸ್ತಕ ಹಿಡ್ಕೊಂಡು ನಾವಿಬ್ರೂ ಒಂದು ಫೋಟೊ ತೆಗೆಸ್ಕೋಬೇಕು.”

ಅಕ್ರಂ ಕೈಯಿಂದ ಪುಸ್ತಕ ಜಾರಿತು. ಕೂಗಳತೆಯಲ್ಲಿ ಜಲಪಾತ ಇದ್ದರೂ ಇಷ್ಟು ವರ್ಷದಲ್ಲಿ ಹೋಗೋಣ ಎಂದು ಅವಳು ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು.

ಗಗನಚುಕ್ಕಿ ತುಂಬಿ ಧುಮುಕುತ್ತಿತ್ತು. ನೀರಿನ ಹೊಗೆ ಮುಖಕ್ಕೆ ಬಡಿಯುತ್ತಿತ್ತು. ಸದ್ದು ಎಷ್ಟಿತ್ತೆಂದರೆ ಅಲ್ಲೊಬ್ಬ ಕೂಗಿಕೊಂಡರೆ ನಾಲ್ಕು ಮಾರು ಆಚೆಯವನಿಗೂ ಕೇಳಿಸುವಂತಿರಲಿಲ್ಲ. ಮಹದೇವು ಮೊದಲು ಯೋಚಿಸಿದ್ದೇ ಅದನ್ನು. ಕಬ್ಬಿಣದ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಫೋಟೊ ತೆಗೆಯಬೇಕಾದ ಅಕ್ರಂ ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಮಹದೇವುವಿನ ಬೆಲ್ಟು ಹಿಡಿದು ನಿಂತ. ಅಷ್ಟು ಹತ್ತಿರದಿಂದ ಮಹದೇವುವಿನ ಕಿವಿಯೊಂದು ಬಿಟ್ಟು ಬೇರೇನೂ ಫೋಟೊದಲ್ಲಿ ಬರುವಂತಿರಲಿಲ್ಲ.

“ಅಣ್ಣಾ, ದೂರ ಹೋಗಿ” ಎಂದಳು ಶಶಿರೇಖಾ.

“ಬ್ಯಾಡಕ್ಕಾ, ಇಲ್ಲಿಂದ್ಲೇ ಚೆನ್ನಾಗಿ ಬತ್ತದೆ.”

“ಹೋಗಿ ಅಂದೆ.”

ಅಕ್ರಂ ಬೆಲ್ಟು ಬಿಟ್ಟು ಹಿಂದೆ ಸರಿದ. ಶಶಿರೇಖಾ ಗಂಡನ ಹತ್ತಿರ ಸರಿದಳು. ಅವನ ಹೆಗಲ ಮೇಲೆ ಕೈಯಿಟ್ಟು ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು: “ನೋಡಿ, ಎಷ್ಟು ಚೆಂದ ಇದೆ!”

ಮಹದೇವು ನೋಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ ಹಾಗೇ ಕುಸಿದು ಕೂತು ಕಂಬಿಯನ್ನು ತಬ್ಬಿಕೊಂಡ. ಫೋಟೊದಲ್ಲಿ ಶಶಿರೇಖಾ ಪುಸ್ತಕ ಹಿಡಿದು ನಗುತ್ತಿದ್ದಳು. ಅವಳ ಕಾಲ ಬಳಿ, ತಾಯಿಯ ಸೊಂಟ ಬಿಡದ ಮಂಗನ ಮರಿಯ ಹಾಗೆ, ಗಂಡ ಕಂಬಿಗೆ ಅಂಟಿಕೊಂಡಿದ್ದ.

ಮಳವಳ್ಳಿ ತಲುಪುವ ಹೊತ್ತಿಗೆ ಮಹದೇವು ದಿನವಿಡೀ ಏನೂ ತಿಂದಿರಲಿಲ್ಲ, ಕುಡಿದಿರಲಿಲ್ಲ. ಸಭಾಂಗಣದ ಬಾಗಿಲಲ್ಲಿ ಜಯಪ್ರಕಾಶ ಕಣ್ಣರಳಿಸಿ ನಿಂತಿದ್ದ. ಕವನ ಸಂಕಲನದ ಬಿಡುಗಡೆಗೆ ಇಷ್ಟು ಜನ ಬಂದದ್ದನ್ನು ಅವನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಕುರ್ಚಿ ತುಂಬಿ ಕಿಟಕಿಯ ಮೇಲೂ ಕೂತಿದ್ದರು. ಮುಂದಿನ ಸಾಲಿನಲ್ಲಿ ಮಂಚಮ್ಮ, ಅವಳು ಯಾರಿಗೂ ಹೇಳದೆ ಕರೆತಂದ ಎರಡು ಟೆಂಪೋ ಜನರ ಜೊತೆ.

“ಅವ್ನೇನಾ?” “ಅವ್ನೇ ಕಣಕ್ಕ. ನೋಡು, ಆಗ್ಲೇ ಅರ್ಧ ಇಳ್ದೋಗವ್ನೆ.” “ಮಕದಲ್ಲಿ ಕಳೇನೇ ಇಲ್ಲ, ಪಾಪ.”

ಅತಿಥಿಗಳು ಬದುಕಿನ ಕತ್ತಲ ಮುಖದ ಬಗ್ಗೆಯೂ ಕಲ್ಪನೆಯ ಬಗ್ಗೆಯೂ ದೀರ್ಘವಾಗಿ ಮಾತಾಡಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಮಹದೇವುವನ್ನೇ ನೋಡುತ್ತಿದ್ದರು. ಕೊನೆಗೆ ಅವನ ಹೆಸರು ಕರೆದರು.

ಮೈಕಿನ ಮುಂದೆ ನಿಂತವನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ಕೆಮ್ಮಿದ. ಹಿಂದಿನಿಂದ ಬಳೆಯ ಸದ್ದಾಯಿತು. ಶಶಿರೇಖಾ ಎದ್ದು ಬಂದು ನೀರಿನ ಲೋಟ ಚಾಚಿದ್ದಳು.

“ಕುಡೀಬ್ಯಾಡ ಕಣ್ಲಾ!” ಎಂದಳು ಮುಂದಿನ ಸಾಲಿನಿಂದ ಮಂಚಮ್ಮ.

ಮಹದೇವು ಲೋಟ ನೋಡಿದ. ಹೆಂಡತಿಯ ಮುಖ ನೋಡಿದ. ಬೆಳಗಿನಿಂದ ಒಳಗೇ ಒತ್ತಿಟ್ಟಿದ್ದು ಒಮ್ಮೆಲೇ ಕಟ್ಟೆ ಒಡೆಯಿತು. ಎರಡು ಕೈ ಜೋಡಿಸಿದ.

“ಶಶೀ, ನಾನೇನಾರಾ ತಪ್ಪು ಮಾಡಿದ್ರೆ ಇಲ್ಲೇ ಎಲ್ಲಾರ್ ಮುಂದ್ಲೂ ಯೋಳ್ಬುಡು. ಕಾಲಿಗ್ ಬೇಕಾರೂ ಬೀಳ್ತೀನಿ. ಊಟದಲ್ಲಿ ಬ್ಯಾಡ, ಬಚ್ಚಲಲ್ಲಿ ಬ್ಯಾಡ, ಹೊಳೇಲಂತೂ ಬ್ಯಾಡ. ನಂಗ್ ಬದುಕ್ಬೇಕು ಅಂತ ಆಸೆ ಐತೆ ಕಣೇ!”

ಆಮೇಲೆ ಎದ್ದ ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ಹೆಂಗಸರು ಎದ್ದು ನಿಂತು ತಟ್ಟಿದರು. ಯಾರೋ ಶಿಳ್ಳೆ ಹಾಕಿದರು. ಕಾರ್ಯಕ್ರಮ ಮುಗಿಯುವುದನ್ನೂ ಕಾಯದೆ ಪುಸ್ತಕದ ಮೇಜಿಗೆ ಜನ ಮುಗಿಬಿದ್ದರು. “ಹೊಳೇದು ಯಾವ್ ಪುಟದಲ್ಲೈತೆ?” ಎಂದು ಒಬ್ಬಳು ಕೇಳಿದಳು. “ಅದೇನ್ ಚಿಟ್ಕೆ ಅಂತ ಬರ್ದವ್ಳೇನವ್ವಾ?” ಎಂದು ಒಬ್ಬ ಮುದುಕಿ ತನ್ನ ಗಂಡನ ಎದುರಿಗೇ ವಿಚಾರಿಸಿದಳು. ಆ ಮುದುಕ ಊರುಗೋಲು ಹಿಡಿದು ಮೆಲ್ಲಗೆ ಆಚೆಗೆ ಸರಿದ.

ಸಭಾಂಗಣ ಖಾಲಿಯಾದ ಮೇಲೆ ಮಹದೇವು ವೇದಿಕೆಯ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದ. ಶಶಿರೇಖಾ ಬಂದು ಪಕ್ಕದಲ್ಲಿ ಕೂತಳು. ಕೈಯಲ್ಲಿ ಅದೇ ಲೋಟ. ಅರ್ಧ ತಾನು ಕುಡಿದು ಉಳಿದದ್ದನ್ನು ಅವನ ಮುಂದೆ ಹಿಡಿದಳು.

“ಅಷ್ಟೊಂದು ಹೆದರ್ಕೊಂಡ್ರಾ?”

ಅವನು ತಲೆಯಾಡಿಸಿದ.

“ಒಳ್ಳೇ ಕತೆ ನಿಮ್ದು. ಆ ಪದ್ಯದಲ್ಲಿ ಸಾಯೋದು ನೀವಲ್ಲ ಕಣ್ರೀ.”

ಮಹದೇವುವಿಗೆ ಹೋದ ಜೀವ ಬಂದಂತಾಯಿತು. ನೀರು ಗಟಗಟ ಕುಡಿದ. ಅತಿಥಿಗಳಿಗೆಂದು ತರಿಸಿ ಉಳಿದಿದ್ದ ಮದ್ದೂರು ವಡೆಯನ್ನು ಮುರಿದು ಬಾಯಿಗೆ ತುಂಬಿಕೊಂಡ. ಬಾಯಿ ತುಂಬಿದ್ದಾಗಲೇ ಕೇಳಿದ: “ಮತ್ತ್ಯಾರು ಸಾಯೋದು?”

“ನಾನು.”

ಅವನು ಅಗಿಯುವುದನ್ನು ನಿಲ್ಲಿಸಿದ.

“ಮೊದಲು ಬರೆದಾಗ ಸಾಯೋಳು ಹೆಂಗಸೇ ಆಗಿದ್ಳು,” ಎಂದಳು ಶಶಿರೇಖಾ, ನಾಳೆಯ ತರಕಾರಿಯ ಬಗ್ಗೆ ಮಾತಾಡುವಷ್ಟೇ ಶಾಂತವಾಗಿ. “ಅಚ್ಚಿಗೆ ಕೊಡೋವಾಗ ಭಯ ಆಯ್ತು. ಪದ್ಯದಲ್ಲಿ ಗಂಡಸು ಸತ್ರೆ ಜನ ಕಲ್ಪನೆ ಅಂತಾರೆ. ಹೆಂಗಸು ಸತ್ರೆ ಯಾವ ಮನೆ ಅಂತ ಕೇಳ್ತಾರೆ. ನಿಮ್ಮ ಮರ್ಯಾದೆ ಹೋಗ್ಬಾರದು ಅಂತ ಒಂದು ರಾತ್ರಿ ಕೂತು ಎಲ್ಲಾನೂ ತಿರುವಿ ಹಾಕ್ಬಿಟ್ಟೆ.”

ಮಹದೇವು ಕೈಯಲ್ಲಿದ್ದ ವಡೆಯನ್ನು ಕೆಳಗಿಟ್ಟ. “ಅಂಗಾರೆ… ಆ ಚಿಟ್ಕೆ ಹಾಕ್ದೋರು?”

“ಇಷ್ಟು ವರ್ಷ ಬಡಿಸಿದ್ದೀನಿ. ಚೆನ್ನಾಗಿದೆ ಅಂತಾನೋ, ಉಪ್ಪು ಕಮ್ಮಿ ಅಂತಾನೋ ಒಂದು ದಿನ ಅಂದಿದ್ದೀರಾ? ದಿನಾ ಆ ಮೌನಾನೇ ಒಂದೊಂದು ಚಿಟಿಕೆ.”

“ಚಿಲಕ?”

“ಡ್ಯೂಟಿ, ಡ್ಯೂಟಿ ಮುಗಿದ್ರೆ ಇಸ್ಪೀಟು. ನೀವು ಬಾಗಿಲು ಎಳ್ಕೊಂಡು ಹೋದ್ಮೇಲೆ ನಾನು ಯಾರ ಹತ್ರ ಮಾತಾಡ್ಬೇಕಿತ್ತು, ಹೇಳಿ?”

ಮಹದೇವು ಕೇಳಬಾರದೆಂದುಕೊಂಡರೂ ಕೇಳಿದ. “ಹೊಳೆ ತಾವು… ಕೈ ಬುಟ್ಟೋರು?”

“ಮದುವೆಯಾದ ವರ್ಷ ಜಲಪಾತ ತೋರಿಸ್ತೀನಿ ಅಂತ ಕೈ ಹಿಡ್ಕೊಂಡು ಕರ್ಕೊಂಡೋದ್ರಿ. ಅಲ್ಲಿ ಯಾರೋ ಸ್ನೇಹಿತ ಸಿಕ್ಕಿದ. ಈಗ ಬತ್ತೀನಿ ಅಂತ ಕೈ ಬಿಟ್ಟು ಹೋದೋರು ಬರಲೇ ಇಲ್ಲ. ಕತ್ತಲಾಗೋ ತನಕ ಕಾದು ಒಬ್ಬಳೇ ನಡ್ಕೊಂಡು ಮನೆಗೆ ಬಂದೆ. ನೀವು ಮಲಗಿದ್ರಿ.”

ಬೆಳಗಿನಿಂದ ಸಾವಿಗೆ ಹೆದರಿದವನಿಗೆ ಈಗ ಹೆದರಿಕೆಯ ರುಚಿಯೇ ಬೇರೆಯಾಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಜಯಪ್ರಕಾಶ ಏದುಸಿರು ಬಿಡುತ್ತ ಓಡಿ ಬಂದ.

“ಅಮ್ಮಾ, ಒಂದೂ ಉಳೀಲಿಲ್ಲ! ತಂದಿದ್ದೆಲ್ಲಾ ಹೋಯ್ತು! ಮಂಡ್ಯ, ಮದ್ದೂರಿನ ಅಂಗಡಿಯೋರೂ ಫೋನ್ ಮಾಡ್ತಾವ್ರೆ. ಎಲ್ಲಾ ಸಾರ್ ಭಾಷಣದ ಮಹಿಮೆ. ನಾಳೆಯೇ ಎರಡನೇ ಮುದ್ರಣಕ್ಕೆ ಕೊಡ್ತೀನಿ. ಏನಾದ್ರೂ ತಿದ್ದೋದಿದ್ರೆ ಈಗಲೇ ಹೇಳ್ಬುಡಿ.”

ಶಶಿರೇಖಾ ಗಂಡನ ಕಡೆ ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ; ಮೆಚ್ಚುಗೆಯೇ ಇತ್ತು.

“ತಿದ್ದೋದಿದೆ. ಅಷ್ಟು ಜನರ ಮುಂದೆ ಇವರೇ ಧೈರ್ಯವಾಗಿ ಮನಸ್ಸು ಬಿಚ್ಚಿ ಮಾತಾಡಿದ್ರು. ನನಗೂ ಧೈರ್ಯ ಬಂತು. ಎಲ್ಲಾ ಪದ್ಯಾನೂ ಮೊದಲು ಹೆಂಗಿತ್ತೋ ಹಂಗೇ ಹಾಕ್ಬಿಡೋಣ.”

ಬಾಗಿಲಲ್ಲಿ ಟೆಂಪೋ ಹತ್ತದೆ ಕಾಯುತ್ತಿದ್ದ ಮಂಚಮ್ಮ ಅಲ್ಲಿಂದಲೇ ಕೂಗಿದಳು: “ಮಾದೇವು, ಇವತ್ತು ನಮ್ಮನೇಲೇ ಉಂಡು ಮನಿಕೋ ಬಾರಪ್ಪಾ! ನಿನ್ನಂತ ಪಾಪದೋನ್ಗೆ ಇಂತಾ ಕಷ್ಟ ಬರ್ಬಾರ್ದಿತ್ತು ಕಣಪ್ಪಾ!”

ಎರಡು ಟೆಂಪೋ ಜನವೂ ಅವನತ್ತ ಕನಿಕರದಿಂದ ನೋಡುತ್ತಿತ್ತು. ಇವರೆಲ್ಲ ಎರಡನೇ ಮುದ್ರಣವನ್ನೂ ಕೊಳ್ಳುತ್ತಾರೆಂಬುದರಲ್ಲಿ ಮಹದೇವುವಿಗೆ ಸಂಶಯ ಉಳಿಯಲಿಲ್ಲ. ಅವನು ಹೆಂಡತಿಯ ಸೀರೆಯ ಸೆರಗಿನ ತುದಿ ಹಿಡಿದುಕೊಂಡು, ಯಾರಿಗೂ ಕೇಳಿಸದಂತೆ ಬೇಡಿದ:

“ಶಶೀ, ನಿನ್ ದಮ್ಮಯ್ಯ. ನಾನು ಸತ್ತಿರೋ ಅಂಗೇ ಇರ್ಲಿ ಬುಡು.”