ಅತ್ತಿಗೆಯ ಬಾಯಲ್ಲಿ ನೆಲ್ಲಿಕಾಯಿ

ನಮ್ಮ ಮನೆಯಲ್ಲಿ ಒಂದು ವಾಕ್ಯವನ್ನು ಶುರು ಮಾಡಿದವರೇ ಅದನ್ನು ಮುಗಿಸಿದ ಉದಾಹರಣೆ ಇಲ್ಲ. ಶುರು ಮಾಡುವ ಹಕ್ಕು ಎಲ್ಲರಿಗೂ ಉಂಟು. ಮುಗಿಸುವ ಹಕ್ಕು ಮಾತ್ರ ನಮ್ಮ ಅತ್ತಿಗೆಯದು!

ಅತ್ತಿಗೆ ಎಂದರೆ ನನ್ನ ದೊಡ್ಡಣ್ಣನ ಹೆಂಡತಿ. ಮದರಾಸಿನ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯ ಸವೆಸಿದವರು. ಜನ ಟೆಲಿಫೋನಿನಲ್ಲಿ ಅಳುತ್ತಲೋ ನಗುತ್ತಲೋ ಮಾತಾಡುವಾಗ ನಡುವೆ ತಲೆ ಹಾಕಿ, “ಮೂರು ನಿಮಿಷ ಆಯ್ತು” ಎಂದು ಕತ್ತರಿಸುವುದಕ್ಕೆ ಸರ್ಕಾರವೇ ಅವರಿಗೆ ಸಂಬಳ ಕೊಡುತ್ತಿತ್ತು. ನಿವೃತ್ತಿಯಾದಾಗ ಸಂಬಳ ನಿಂತಿತು, ಸೇವೆ ನಿಲ್ಲಲಿಲ್ಲ.

ಅಣ್ಣ ತೀರಿಕೊಂಡ ಮೇಲೆ ನಾವಿಬ್ಬರೂ ವೇಲಚೇರಿಯ ಒಂದು ಫ್ಲಾಟಿನಲ್ಲಿ ಜೊತೆಯಾಗಿ ಇರತೊಡಗಿದೆವು. ನಾನು ರೈಲ್ವೆಯ ಲೆಕ್ಕಪತ್ರ ಕಚೇರಿಯಲ್ಲಿ ಪಳಗಿದವಳು. ಕೋಳಿ ಕೂಗುವ ಮೊದಲು ಏಳಬೇಕು, ಒಣಗಿದ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಬೇಕು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ಇವು ನನ್ನ ನಿಯಮಗಳು. ಮೊದಲೆರಡು ನಮ್ಮ ಮನೆಯಲ್ಲಿ ಸಾಂಗವಾಗಿ ನಡೆಯುತ್ತಿದ್ದವು.

ಮೂರನೆಯದಕ್ಕೆ ಅಡ್ಡಿಯಾದದ್ದು ಅತ್ತಿಗೆಯ ತಾರಕಮಂತ್ರ: “ಗೊತ್ತು ಬಿಡು!” ಏನು ಹೇಳಹೊರಟರೂ ಅವರಿಗೆ ಮೊದಲೇ ಗೊತ್ತು. ಬೀದಿಯಲ್ಲಿ ತಳ್ಳುಗಾಡಿಯ ತರಕಾರಿಯವನು ಬಾಗಿಲ ಬಳಿ ನಿಂತು “ಅಮ್ಮಾ, ಉಂಗ...”, ಅಂದರೆ ‘ಅಮ್ಮಾ, ನಿಮ್ಮ...’ ಎಂದು ಬಾಯಿ ತೆರೆಯುತ್ತಿದ್ದ. “ಗೊತ್ತಪ್ಪಾ, ನಮ್ಮ ಬೆಂಡೆಕಾಯಿ ತಾನೇ? ಎಳೆಯದು ಇದ್ದರೆ ಅರ್ಧ ಕಿಲೋ ಹಾಕು” ಎಂದು ಇವರು ಮುಗಿಸುತ್ತಿದ್ದರು. ಪಾಪ, ದಿನಾ “ಅಮ್ಮಾ, ಉಂಗ...” ಎನ್ನುವನು, ದಿನಾ ಬೆಂಡೆಕಾಯಿ ತೂಗಿ ಹೋಗುವನು. ನಾವು ಆ ವರ್ಷ ತಿಂದಷ್ಟು ಬೆಂಡೆಕಾಯಿಯನ್ನು ಚೆನ್ನೈಯಲ್ಲಿ ಇನ್ನಾರೂ ತಿಂದಿರಲಾರರು.

ಒಮ್ಮೆ ನನಗೆ ಸ್ವಲ್ಪ ಜ್ವರ ಬಂದು ಡಾಕ್ಟರ ಹತ್ತಿರ ಹೋದೆವು. ಅವರು ನನ್ನ ನಾಡಿ ಹಿಡಿದು “ಏನು ತೊಂದರೆ?” ಎಂದರು. ಅತ್ತಿಗೆ ಶುರು ಮಾಡಿದರು. “ಹಸಿವೇ ಇಲ್ಲ ಡಾಕ್ಟ್ರೇ, ಎರಡು ಇಡ್ಲಿ ಮೇಲೆ ಇಳಿಯಲ್ಲ. ನಿದ್ದೆ ಇಲ್ಲ. ಎಡಗಾಲು ಮಂಡಿಯಿಂದ ಕೆಳಗೆ ಒಂದೇ ಸಮ ಸೆಳೆತ.” ಡಾಕ್ಟರು ಮಾತ್ರೆ ಬರೆದರು. ನಿಯಮ ಎಂದರೆ ನಿಯಮ, ಹೊತ್ತಿಗೆ ಸರಿಯಾಗಿ ನುಂಗಿದೆ. ಮಾತ್ರೆಯೆಲ್ಲ ಮುಗಿದ ಮೇಲೆ ಹೊಳೆಯಿತು, ನನ್ನ ಎಡಗಾಲಿಗೆ ಎಂದೂ ನೋವು ಬಂದದ್ದೇ ಇಲ್ಲ. ಅದು ಅತ್ತಿಗೆಯ ಕಾಲು! ನೋವು ಅವರದು, ಮಾತ್ರೆ ನನ್ನದು. ಇನ್ನೂ ಅನ್ಯಾಯವೆಂದರೆ ಗುಣವಾದದ್ದೂ ಅವರಿಗೇ!

ಇನ್ನೊಂದು ದಿನ ಟೆಲಿಫೋನು ಬಂತು. ಅತ್ತ ಕಡೆ ಯಾರೋ ಅಪರಿಚಿತ, ತೀರ ಮೆತ್ತಗಿನ ದನಿ. ಆ ದನಿ ಕೇಳಿಯೇ ಅತ್ತಿಗೆ ನಿರ್ಧಾರಕ್ಕೆ ಬಂದರು, ಯಾರೋ ಹೋದರು.

“ಅಯ್ಯೋ, ಎಪ್ಪೋ ಪೋನಾರು?” ಯಾವಾಗ ಹೋದರು ಎಂದು ಇವರು.

“ಯಾರುಮೇ ಪೋಗಲೆಮ್ಮಾ. ನಾನ್ ವಾಟರ್...” ಯಾರೂ ಹೋಗಿಲ್ಲ ಎಂದು ಆತ.

“ಬಾಯಿಗೆ ನೀರು ಬಿಟ್ರಾ? ಅಷ್ಟಾದರೂ ಆಯ್ತಲ್ಲ, ಪುಣ್ಯವಂತರು!”

ಆತ ನೀರು ಸೋಸುವ ಯಂತ್ರ ಮಾರುವವನು. ಕೊನೆಗೆ ಅತ್ತಿಗೆ ಹೇಳಿದ ಸಮಾಧಾನಕ್ಕೆ ಕರಗಿ, “ರೊಂಬ ಥ್ಯಾಂಕ್ಸ್ ಮಾ” ಎಂದು ಫೋನಿಟ್ಟ.

ಇದನ್ನೆಲ್ಲ ನಾವು ನಗುತ್ತ ಸಹಿಸಿಕೊಂಡಿದ್ದೆವು. ನಮಗೇನು, ಗಟ್ಟಿ ಜನ. ಆದರೆ ನಮ್ಮ ಮೇಲಿನ ಮನೆಯಲ್ಲಿ ರಂಜನಿ ಇದ್ದಳು.

ರಂಜನಿ ಆಗ ಹತ್ತನೇ ತರಗತಿ. ಕನ್ನಡದವರೇ, ಮೈಸೂರು ಕಡೆಯ ಕುಟುಂಬ. ಅಪ್ಪ ಮಣಲಿಯ ಕಾರ್ಖಾನೆಗೆ ಬೆಳಗಾಗುವ ಮೊದಲೇ ಹೊರಡುವವರು, ಅಮ್ಮ ಬ್ಯಾಂಕಿನಲ್ಲಿ. ಶಾಲೆ ಬಿಟ್ಟ ಮೇಲೆ ಹುಡುಗಿ ನಮ್ಮ ಮನೆಯಲ್ಲೇ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವಳು. ಆ ಉತ್ತರವೂ ನಿಧಾನ. ಮೊದಲು ಒಂದು ಉಸಿರು ಎಳೆದುಕೊಂಡು, ಕಣ್ಣು ಮೇಲೆ ಮಾಡಿ, ಆಮೇಲೆ ಮಾತು. ಪುಸ್ತಕ ಹಿಡಿದರೆ ಇನ್ನೂ ಕಷ್ಟ. ಅಕ್ಷರಗಳು ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತವೆ ಎನ್ನುವಳು. ಕಿವಿಯಲ್ಲಿ ಕೇಳಿದ್ದನ್ನು ಮಾತ್ರ ಮರೆಯಳು. ಶಾಲೆಯಲ್ಲಿ ಅವಳಿಗೆ ಇಟ್ಟಿದ್ದ ಹೆಸರು ಸೋಮಾರಿ.

ನಮ್ಮ ಮನೆಗೆ ಬಂದರೆ ಅವಳಿಗೆ ಮಾತಾಡುವ ಕಷ್ಟವೇ ಇರಲಿಲ್ಲ. “ಏನೇ, ಹಸಿವಾ? ಹೂಂ, ಹಸಿವೇ. ಉಪ್ಪಿಟ್ಟು ಮಾಡ್ಲಾ? ಬೇಡ, ದೋಸೆ. ಚಟ್ನಿನಾ? ಬೇಡ, ಸಕ್ಕರೆ.” ಪ್ರಶ್ನೆಯೂ ಅತ್ತಿಗೆಯದೇ, ಉತ್ತರವೂ ಅತ್ತಿಗೆಯದೇ. ಹುಡುಗಿ ದೋಸೆ ತಿನ್ನುವಳು.

ಹೀಗಿರುವಾಗ ಅವಳ ಶಾಲೆಗೆ ಒಬ್ಬ ಸಂಶೋಧಕಿ ಬಂದಳು. ಶಿಕ್ಷಕರ ತರಬೇತಿ ಕಾಲೇಜಿನವಳು, ಚೂಟಿ ಹೆಣ್ಣು. ಓದು ಬರಹ ತೊಡಕಾಗುವ ಮಕ್ಕಳನ್ನು ಕುರಿತು ಅಧ್ಯಯನ ಮಾಡುತ್ತಿದ್ದಳು. ರಂಜನಿ ಸೋಮಾರಿಯಲ್ಲ, ಇದು ಕಲಿಕೆಯ ಒಂದು ತೊಂದರೆ, ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಮೊದಲು ಹೇಳಿದವಳು ಅವಳೇ. ಹುಡುಗಿಯನ್ನು ಮನೆಯ ವಾತಾವರಣದಲ್ಲಿ ಮಾತಾಡಿಸಬೇಕೆಂದು ಟೇಪ್‌ ರೆಕಾರ್ಡರ್ ಹಿಡಿದು ಒಂದು ಸಂಜೆ ನಮ್ಮಲ್ಲಿಗೇ ಬಂದಳು. ಅತ್ತಿಗೆ ಕಾಫಿ ಕೊಟ್ಟು, ಮಗುವಿನ ಪಕ್ಕದಲ್ಲೇ ಕೂತರು.

ಮಾರನೆಯ ದಿನ ಸಂಶೋಧಕಿ ಮತ್ತೆ ಬಂದಳು. ಮುಖದಲ್ಲಿ ನಗುವನ್ನು ಬಿಗಿ ಹಿಡಿದಿದ್ದಳು.

“ಮಾಮಿ, ಒಂದು ಸಂದೇಹ. ವಿದ್ಯಾರ್ಥಿನಿಯ ವಯಸ್ಸು ಅರವತ್ತೆಂಟು ಅಂತ ಬರೆದುಕೊಳ್ಳಲಾ?”

ಟೇಪು ಹಾಕಿದಳು. ‘ನಿನಗೆ ಯಾವ ಪಾಠ ಇಷ್ಟ?’ ಎಂದು ಅವಳ ದನಿ. ಆಮೇಲೆ ಒಂದು ಸಣ್ಣ ಸದ್ದು, ಯಾರೋ ಉಸಿರು ಎಳೆದುಕೊಂಡಂತೆ. ಕೂಡಲೇ ಅತ್ತಿಗೆ: ‘ಇವಳಿಗೆ ಸೈನ್ಸ್ ಅಂದ್ರೆ ಪ್ರಾಣ.’ ಇನ್ನೊಂದು ಪ್ರಶ್ನೆ, ಮತ್ತೆ ಆ ಸಣ್ಣ ಉಸಿರು, ಮತ್ತೆ ಅತ್ತಿಗೆ. ಟೇಪಿನ ಉದ್ದಕ್ಕೂ ಹೀಗೆಯೇ. ಉಸಿರು ಒಳಗೆ ಹೋಗುವುದು ಕೇಳುತ್ತಿತ್ತು. ಅದು ಮಾತಾಗಿ ಹೊರಗೆ ಬಂದದ್ದು ಒಂದು ಕಡೆಯೂ ಇಲ್ಲ.

“ನನ್ನ ಅಧ್ಯಯನವೇ ಇದು ಮಾಮಿ. ಮಗುವನ್ನು ಒಂದು ಪ್ರಶ್ನೆ ಕೇಳಿದ ಮೇಲೆ ದೊಡ್ಡವರು ಎಷ್ಟು ಹೊತ್ತು ಕಾಯ್ತಾರೆ ಅನ್ನೋದು.”

“ನಾನು ಎಷ್ಟು ಹೊತ್ತು ಕಾದೆ?”

“ನನ್ನ ಗಡಿಯಾರದ ಗುಂಡಿ ಒತ್ತೋಕೆ ಮುಂಚೆ ನೀವು ಮುಗಿಸಿರ್ತೀರಿ.”

ಅತ್ತಿಗೆ ನಗುತ್ತಾರೆಂದುಕೊಂಡೆ. ನಗಲಿಲ್ಲ. “ಅದನ್ನ ಇನ್ನೊಂದು ಸಲ ಹಾಕಮ್ಮಾ” ಎಂದರು. ಎರಡನೆಯ ಸಲ ಕಣ್ಣು ಮುಚ್ಚಿಕೊಂಡು ಕೇಳಿದರು. ತಮ್ಮ ದನಿಯನ್ನಲ್ಲ, ಆ ಉಸಿರನ್ನು ಎಂದು ನನಗೆ ಅನ್ನಿಸಿತು.

ಅಡುಗೆಮನೆಯಲ್ಲಿ ಉಪ್ಪಿನಕಾಯಿಗೆಂದು ತಂದ ಬೆಟ್ಟದ ನೆಲ್ಲಿಕಾಯಿ ಇತ್ತು. ಅತ್ತಿಗೆ ದೊಡ್ಡದೊಂದನ್ನು ಆರಿಸಿ ದವಡೆಗೆ ಸೇರಿಸಿದರು. ಅದು ಸವೆದು ಬೀಜ ಉಳಿಯುವ ತನಕ ಮಾತಿಲ್ಲ ಎಂದು ಕೈಸನ್ನೆ ಮಾಡಿದರು. ಮೊದಲ ದಿನ ಕಟಕಟ ಕಡಿದು ನುಂಗಿ, “ಗೊತ್ತು ಬಿಡು, ಇದು ಆಗೋ ಕೆಲಸ ಅಲ್ಲ ಅಂತ ತಾನೇ ನೀನು ಹೇಳೋದು?” ಎಂದರು. ಎರಡನೆಯ ದಿನ ಹುಳಿಗೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಮುಖ ಒಂದು ಕಡೆ ಊದಿಕೊಂಡ ಅತ್ತಿಗೆಯನ್ನು ಕಂಡು ಎದುರುಮನೆಯವರು, “ಪಲ್ಲು ವಲಿಯಾ ಮಾಮಿ?” ಎಂದು ಹಲ್ಲುನೋವಿಗೆ ಮದ್ದು ಕೊಟ್ಟು ಹೋದರು!

ಆ ವಾರವೇ ತರಕಾರಿಯವನು ಬಂದ. “ಅಮ್ಮಾ, ಉಂಗ...” ಎಂದು ಅಭ್ಯಾಸದಂತೆ ನಿಲ್ಲಿಸಿದ. ಎದುರಿನಿಂದ ಬೆಂಡೆಕಾಯಿ ಬರಲಿಲ್ಲ. ಗಾಬರಿಯಾಗಿ ಅತ್ತಿಗೆಯ ಮುಖ ನೋಡಿದ. ಮತ್ತೆ ಧೈರ್ಯ ಮಾಡಿ, “ಅಮ್ಮಾ, ಉಂಗ ಕೊಡೈ... ಹೋದ ಮಳೆಗಾಲದಲ್ಲಿ ಗಾಡಿಯಲ್ಲೇ ಬಿಟ್ಟು ಹೋಗಿದ್ದೀರಿ” ಎಂದು ಅತ್ತಿಗೆಯ ಕೊಡೆಯನ್ನು ತೆಗೆದು ಕೊಟ್ಟ. ಒಂದು ಇಡೀ ಮಳೆಗಾಲದ ಹಿಂದಿನ ಕೊಡೆ! ಆ ಮನುಷ್ಯ ಇಷ್ಟು ದಿನ ಅದನ್ನೇ ಹೇಳಲು ಹೆಣಗುತ್ತಿದ್ದ.

ಅಷ್ಟರಲ್ಲಿ ನಿಜವಾದ ಸಂಕಟ ಬಂದು ನಿಂತಿತ್ತು. ರಂಜನಿ ಸಾರ್ವಜನಿಕ ಪರೀಕ್ಷೆಯಲ್ಲಿ ಬಾಯಲ್ಲಿ ಉತ್ತರ ಹೇಳಬಹುದು, ಇನ್ನೊಬ್ಬರು ಬರೆಯಬಹುದು. ಆದರೆ ಅದಕ್ಕೆ ಶಾಲೆ ಶಿಫಾರಸು ಮಾಡಬೇಕು. ಬರೆಯುವವರು ಶಾಲೆಯ ಮೇಷ್ಟರಾಗಿರಬಾರದು, ಸಂಬಂಧಿಕರಾಗಿರಬಾರದು, ಮಗು ಹೇಳಿದ್ದನ್ನು ಬಿಟ್ಟು ಒಂದು ಅಕ್ಷರ ಸೇರಿಸಬಾರದು. ಯಾರು ಬೇಕೆಂದು ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಹುಡುಗಿಯನ್ನೇ ಕೇಳಿದರು. ನಾವು ಯಾರೂ ಬಾಯಿ ಹಾಕದಂತೆ ಸಂಶೋಧಕಿ ಬೆರಳೆತ್ತಿ ಹಿಡಿದಿದ್ದಳು.

“ಕೀಳ್ ವೀಟು... ಪಾಟಿ ದಾನ್” ಎಂದಳು ರಂಜನಿ. ಕೆಳಗಿನ ಮನೆಯ ಅಜ್ಜಿಯೇ!

ಸಂಶೋಧಕಿಯ ಬೆರಳು ತಾನಾಗಿ ಕೆಳಗಿಳಿಯಿತು. ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಅತ್ತಿಗೆಯನ್ನು ನೋಡಿದರು. ಅತ್ತಿಗೆಯ ಖ್ಯಾತಿ ಅಲ್ಲಿಗೂ ತಲುಪಿತ್ತು. “ಈ ಮಾಮಿ ಬರೆದರೆ ಮಾಮಿಯೇ ಪಾಸಾಗ್ತಾರೆ. ಹುಡುಗಿ ಪಾಸಾದಳು ಅಂತ ನಾನು ಹೇಗೆ ನಂಬಲಿ?” ಎಂದವರು ರಂಜನಿಯ ಕಡೆ ತಿರುಗಿ, “ಯಾಕೆ ಇವರೇ ಬೇಕು?” ಎಂದು ಕೇಳಿದರು.

ಮತ್ತೆ ಆ ಉಸಿರು. “ಅವಂಗಕಿಟ್ಟೆ... ನಾನ್ ಸಂಡೆ ಪೋಡಲಾಂ.”

ಉಳಿದವರಾದರೆ ಹೆದರಿಕೆ, ಇವರ ಹತ್ತಿರವಾದರೆ ಜಗಳ ಆಡಬಹುದಂತೆ!

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಬರೆದು ತೋರಿಸಿ, ಒಪ್ಪಿಗೆಯಾದರೆ ಶಿಫಾರಸು, ಇಲ್ಲದಿದ್ದರೆ ಹುಡುಗಿ ಈ ವರ್ಷ ಕೂರುವುದು ಬೇಡ ಎಂದು ತೀರ್ಮಾನವಾಯಿತು. ಮನೆಯಲ್ಲಿ ಅಭ್ಯಾಸಕ್ಕೆ ವೇಳಾಪಟ್ಟಿ ಹಾಕಿದವಳು ನಾನು. ಅಂಥ ಕೆಲಸವನ್ನು ನನ್ನಿಂದ ಯಾರು ಕಿತ್ತುಕೊಂಡಾರು? ಸಂಜೆ ಕಾಫಿಯ ಲೋಟ ತೊಳೆದಿಟ್ಟ ಕೂಡಲೇ ರಂಜನಿ ಒಂದು ಕಡೆ, ದವಡೆಯಲ್ಲಿ ನೆಲ್ಲಿಕಾಯಿಯೊಂದಿಗೆ ಅತ್ತಿಗೆ ಇನ್ನೊಂದು ಕಡೆ, ಪ್ರಶ್ನೆ ಕೇಳಲು ನಾನು ನಡುವೆ. ಬಾಯಿ ಬಿಗಿದರೂ ಅತ್ತಿಗೆಯ ಹುಬ್ಬು ಮಾತಾಡುತ್ತಿತ್ತು. ಹುಡುಗಿ ತಪ್ಪು ಹೇಳಿದರೆ ಹುಬ್ಬು ನೆತ್ತಿಗೇರುವುದು. “ಪಾಟಿ, ಪುರುವಂ!” ಎಂದು ಅವಳು ಗದರುವಳು. ಹುಬ್ಬು ಕೆಳಗಿಳಿಯುವುದು.

ಪೂರ್ವಸಿದ್ಧತಾ ಪರೀಕ್ಷೆಯ ವಿಜ್ಞಾನದ ದಿನ ನಡೆದದ್ದನ್ನು ಮೇಲ್ವಿಚಾರಣೆಗೆ ಕೂತಿದ್ದ ಸಂಶೋಧಕಿ ಆಮೇಲೆ ನನಗೆ ಹೇಳಿದಳು. ಆಹಾರ ಜೀರ್ಣವಾಗುವುದು ಎಲ್ಲಿ ಶುರುವಾಗುತ್ತದೆ ಎಂಬುದು ಪ್ರಶ್ನೆ. ರಂಜನಿ ಯೋಚಿಸಿ “ಹೊಟ್ಟೆಯಲ್ಲಿ” ಎಂದಳು. ಅತ್ತಿಗೆಯ ಬಾಯಲ್ಲಿ ನೆಲ್ಲಿಕಾಯಿ ಆಗಲೇ ಅರ್ಧ ಕರಗಿತ್ತು. ಜೀರ್ಣ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಆ ಕ್ಷಣ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ನಾಲಿಗೆ ಸುಮ್ಮನಿತ್ತು, ಕೈ ಮೋಸ ಮಾಡಿತು. “ಬಾಯಿಯಲ್ಲಿ” ಎಂದು ಬರೆದುಬಿಟ್ಟಿತು.

ಕೊನೆಗೆ ಬರೆದದ್ದನ್ನೆಲ್ಲ ಓದಿ ಹೇಳಬೇಕು. ಅತ್ತಿಗೆ ಬೀಜ ಉಗುಳಿ ಓದಿದರು. ಆ ಜಾಗಕ್ಕೆ ಬಂದಾಗ ರಂಜನಿ ಕೈ ಅಡ್ಡ ಇಟ್ಟಳು.

“ನಾನ್... ವಯಿರುನು ಸೊನ್ನೇನ್. ಹೊಟ್ಟೆ ಅಂದೆ.”

“ಬಾಯಿನೇ ಸರಿ ಕಣೇ” ಎಂದು ಅತ್ತಿಗೆ ಪಿಸುಗುಟ್ಟಿದರು.

“ಹೊಟ್ಟೆ ನನ್ನದು. ಬಾಯಿ... ಉಂಗಳದು, ಪಾಟಿ. ಹೊಡೆದು ಹಾಕಿ.”

ಹೊಡೆದು ಹಾಕಿದರು. ಸರಿಯುತ್ತರದ ಮೇಲೆ ಗೀಟೆಳೆದು, ತಮ್ಮ ಮುತ್ತಿನಂಥ ಅಕ್ಷರದಲ್ಲಿ ತಪ್ಪುತ್ತರ ಬರೆದರು. ಸಂಜೆ ರಂಜನಿಯ ಅಪ್ಪ ಕೇಳಿ ಹಣೆ ಚಚ್ಚಿಕೊಂಡರು. “ತಾನಾಗಿ ಬಂದ ಅಂಕವನ್ನ ಒದ್ದು ಓಡಿಸ್ತಾರೇನಮ್ಮಾ?” ಅತ್ತಿಗೆಗೆ ಆ ರಾತ್ರಿ ಊಟ ಸೇರಲಿಲ್ಲ. ಮುಖ್ಯೋಪಾಧ್ಯಾಯಿನಿ ಆ ಗೀಟನ್ನು ಕಂಡರೆ ಏನಾದೀತೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಜ್ಜಿ ಕೈ ಹಾಕಿದ್ದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಒಂದು ನೆಲ್ಲಿಕಾಯಿ ಸಾಲದೆ ಮಗುವಿನ ವರ್ಷವೇ ಹೋಯಿತು ಎಂದು ಗೋಡೆ ನೋಡುತ್ತ ಕೂತರು.

ಎರಡು ದಿನ ಬಿಟ್ಟು ಕರೆ ಬಂತು. ಮುಖ್ಯೋಪಾಧ್ಯಾಯಿನಿ ಆ ಹಾಳೆಯನ್ನೇ ಮೇಜಿನ ಮೇಲೆ ಹರಡಿಕೊಂಡಿದ್ದರು. ಗೀಟಿನ ಮೇಲೆ ಬೆರಳಿಟ್ಟರು.

“ಇದನ್ನ ಹೊಡೆದವರು ಯಾರು?”

ಅತ್ತಿಗೆ ಬಾಯಿ ತೆರೆದರು. ಮುಚ್ಚಿದರು. ಹುಡುಗಿಯ ಕಡೆ ನೋಡಿದರು. ನಾವೆಲ್ಲ ಕಾದೆವು.

“ನಾನೇ... ಹೊಡೆಯೋಕೆ ಸೊನ್ನೇನ್ ಮೇಡಂ. ಅದು... ನಾನು ಹೇಳಿದ್ದಲ್ಲ.”

ಮುಖ್ಯೋಪಾಧ್ಯಾಯಿನಿ ಆ ಸಾಲನ್ನು ಇನ್ನೊಮ್ಮೆ ಓದಿದರು. “ಸರಿಯಾದ ಉತ್ತರವನ್ನ ಹೊಡೆಸಿ ತನ್ನ ತಪ್ಪನ್ನ ಬರೆಸಿಕೊಂಡಿದ್ದಾಳೆ. ಹಾಗಾದರೆ ಉಳಿದ ಸರಿಯುತ್ತರಗಳೆಲ್ಲ ಅವಳದೇ” ಎಂದು ಹೇಳಿ ಶಿಫಾರಸಿಗೆ ಸಹಿ ಹಾಕಿದರು. ಹೊರಗೆ ಬಂದ ಮೇಲೆ ಅತ್ತಿಗೆ ನನ್ನ ಕೈ ಹಿಡಿದು, “ಕಮಲಿ, ಆಟೋ ಕರಿ. ಕಾಲು ನಡುಗ್ತಿದೆ” ಎಂದರು. ಎಡಗಾಲು ಎಂದೇ ನನ್ನ ಊಹೆ.

ಸಾರ್ವಜನಿಕ ಪರೀಕ್ಷೆಯ ಕೊನೆಯ ದಿನ ಅತ್ತಿಗೆ ಮನೆಗೆ ಬಂದು ಒಂದು ಚೆಂಬು ನೀರು ಕುಡಿದರು. ನೆಲ್ಲಿಕಾಯಿ ತಿಂದ ಬಾಯಿಗೆ ನೀರು ಸಿಹಿಯಲ್ಲವೇ? ನಿಧಾನವಾಗಿ ಚಪ್ಪರಿಸಿ ಕುಡಿದರು. “ಇವತ್ತು ಒಂದು ತಪ್ಪು ಬರೆದೆ ಕಮಲಿ. ತಪ್ಪು ಅಂತ ಗೊತ್ತಿದ್ದೂ ಬರೆದೆ. ಅವಳು ಹೇಳಿದ ಹಾಗೇ” ಎಂದರು. ಯಾವ ಪ್ರಶ್ನೆ ಎಂದು ಕೇಳಿದೆ. ಹೇಳಲಿಲ್ಲ. ಇಂದಿಗೂ ಹೇಳಿಲ್ಲ!

ಫಲಿತಾಂಶದ ದಿನ ಬೆಳಿಗ್ಗೆ ರಂಜನಿಯ ಅಪ್ಪ ಮಣಲಿಯಿಂದ ಫೋನು ಮಾಡಿದರು. ಅಲ್ಲಿ ಯಾರದೋ ಕಂಪ್ಯೂಟರಿನಲ್ಲಿ ನೋಡಿದ್ದರು. ಅತ್ತಿಗೆ ಕೇಳಿಸಿಕೊಂಡು, ಫೋನಿಟ್ಟು, ಕಣ್ಣೊರೆಸಿಕೊಂಡು ನನಗೆ ಹೇಳಿದರು. ನಾನು ಸಕ್ಕರೆ ಡಬ್ಬಿ ತೆಗೆದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಗಿ ರಂಜನಿ ಬಾಗಿಲಲ್ಲಿ ನಿಂತಳು. ಎರಡು ಕೈಯಲ್ಲೂ ಚೌಕಟ್ಟು ಹಿಡಿದುಕೊಂಡಿದ್ದಳು.

“ಅಜ್ಜೀ...” ಎಂದಳು. ಪಾಟಿ ಅಲ್ಲ, ಅಜ್ಜಿ.

ಉಸಿರೆಳೆದುಕೊಂಡಳು. ಕಣ್ಣು ಮೇಲೆ ಹೋಯಿತು. “ನಾನು...” ಎಂದು ನಿಂತಳು. ಕನ್ನಡದಲ್ಲಿ ಹೇಳಬೇಕೆಂದು ಮೇಲಿನಿಂದಲೇ ಕಟ್ಟಿಕೊಂಡು ಬಂದ ಮಾತು ಎಲ್ಲೋ ಸಿಕ್ಕಿಕೊಂಡಿತು. ಒಳಗೆ ಕುಕ್ಕರು ಕೂಗಿತು. ಬೀದಿಯಲ್ಲಿ ನುಗ್ಗೆಕಾಯಿ ಮಾರುವವಳ ದನಿ ಬಂದು, ದಾಟಿ, ದೂರವಾಯಿತು. ತಡೆಯಲಾರದೆ ನನ್ನ ಬಾಯಿ ತೆರೆಯಿತು. ಅತ್ತಿಗೆಯ ಕೈ ಬಂದು ನನ್ನ ಮಣಿಕಟ್ಟನ್ನು ಬಲವಾಗಿ ಅದುಮಿತು. ಅವರ ದವಡೆಯಲ್ಲಿ ಆ ದಿನ ನೆಲ್ಲಿಕಾಯಿ ಇರಲಿಲ್ಲ.

“ನಾನು... ಎಲ್ಲಾದ್ರಲ್ಲೂ... ಪಾಸು... ಆಗಿದೀನಿ.”

ಅತ್ತಿಗೆ ಎರಡೂ ಕೈಯನ್ನು ಕೆನ್ನೆಗಿಟ್ಟುಕೊಂಡರು. ಆ ಬಾಯಿಂದ ನಾನು ಒಮ್ಮೆಯೂ ಕೇಳಿರದ ಮಾತು ಆಗ ಹೊರಬಂತು.

“ಹೌದೇನೇ? ನಂಗೆ ಗೊತ್ತೇ ಇರ್ಲಿಲ್ಲ ಕಣೇ!”