ಬಾಗಿಲಿಗೂ ಒಂದು ಅಚ್ಚು

ಎಲ್ಲಕ್ಕೂ ಕಾರಣ ಒಂದು ಸೀನು.

ಮಂಡಿನೋವಿಗೆ ಔಷಧಿ ಮಾಡಿಸಲು ದೊಡ್ಡ ಮಗಳ ಊರಿಗೆ ಹೋಗಿದ್ದ ಮಾವ ಅಂದು ಸಂಜೆ ವಾಪಸು ಬರುವವರಿದ್ದರು. ಅವರ ಹಳೇ ಕಾಲದ, ಚಾವಣಿಯಿಲ್ಲದ ಕಪ್ಪು ಕಾರನ್ನು ತೊಳೆದಿಡೋಣವೆಂದು ಅಳಿಯ ಶೆಡ್ಡಿನಿಂದ ಹೊರತೆಗೆದ. ಮುಗ್ಗಲು ವಾಸನೆ ಹೋಗಲೆಂದು ಎರಡೂ ಬಾಗಿಲನ್ನು ಅಗಲಕ್ಕೆ ತೆರೆದಿಟ್ಟೇ ರಿವರ್ಸ್ ಹೊರಟಿದ್ದ. ಗೇಟಿನ ಹತ್ತಿರ ಸೀನು ಬಂತು. ಕಾಲು ಬ್ರೇಕು ಬಿಟ್ಟು ಆಕ್ಸಿಲರೇಟರ್ ತುಳಿಯಿತು. ಕಾರು ಗೇಟು ದಾಟಿತು. ಬಾಗಿಲುಗಳು ದಾಟಲಿಲ್ಲ.

ಅಳಿಯನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಮಾವನ ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಊರಿಗೆ ಹೊರಡುವಾಗ ಮಾವ ಬೆರಳೆತ್ತಿ ಹೇಳಿದ್ದರು: "ಗಾಡಿ ಮೇಲೆ ಒಂದು ಗೀರು ಬಿದ್ರೂ ನಿನ್ನ ಪ್ಲಾಸ್ಟರ್ ಚೀಲಗಳೆಲ್ಲ ಬೀದೀಲಿರ್ತವೆ!"

ಸದ್ದಿಗೆ ಓಡಿಬಂದ ಹೆಂಡತಿ ಬಗ್ಗಿ ನೋಡಿದಳು. "ಗೀರೇನೂ ಬಿದ್ದಿಲ್ಲ ಬಿಡ್ರಿ. ಗೀರು ಬೀಳೋಕೆ ಬಾಗಿಲು ಇರಬೇಕಲ್ಲ."

ಅಷ್ಟರಲ್ಲಿ ಮಹಡಿ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಇಳಿದು ಬಂದರು. ಹಿಂದೆಯೇ ಅವರ ಎರಡರಷ್ಟು ತೂಕದ ಅವರ ಹೆಂಡತಿ. ಎದುರು ಮನೆಯ ಸಂಗೀತದ ಮೇಷ್ಟ್ರೂ ಬಂದರು. ಮೂವರೂ ಮರುಗಿದರು. ನಿಂತು ಮರುಗುವುದಕ್ಕಿಂತ ಕೂತು ಮರುಗುವುದು ಮೇಲೆನಿಸಿ ಕಾರಿನೊಳಗೇ ಕೂತರು.

"ಮೇಲೂ ಏನಿಲ್ಲ, ಪಕ್ಕಕ್ಕೂ ಏನಿಲ್ಲ," ಎಂದರು ಪೋಸ್ಟ್‌ಮಾಸ್ಟರ್. "ಸೋಫಾ ಮಾಡಿಸ್ದೆ ಅಂತ ಹೇಳಿಬಿಡಪ್ಪ ನಿಮ್ಮ ಮಾವಂಗೆ."

ಹೊಸ ಬಾಗಿಲು ಹುಡುಕಬೇಕು. ಅಳತೆ? ಟೇಪು ಹಿಡಿಯುವುದು ಬಡಗಿಯ ಕೆಲಸ. ಅಳಿಯ ತನಗೆ ಬರುವುದನ್ನೇ ಮಾಡಿದ. ಒಸಡಿನ ಅಚ್ಚು ತೆಗೆಯುವ ಗುಲಾಬಿ ಮೇಣ ಕಾಯಿಸಿ, ಬಾಗಿಲಿದ್ದ ಜಾಗದ ಅಂಚಿಗೆ ಸುತ್ತಲೂ ಒತ್ತತೊಡಗಿದ.

"ಸ್ವಲ್ಪ ಇಳೀತೀರಾ ಅಕ್ಕಾ?"

"ನಾನೇನು ಅಡ್ಡ ಬರ್ತಿದ್ದೀನಾ? ನೀನು ನಿನ್ನ ಕೆಲಸ ಮಾಡಪ್ಪ," ಎಂದು ಪೋಸ್ಟ್‌ಮಾಸ್ಟರ ಹೆಂಡತಿ ಇನ್ನೂ ಒರಗಿ ಕೂತರು.

ಮೇಣದ ಮೇಲೆ ಪ್ಲಾಸ್ಟರ್ ಹುಯ್ದು ಒಣಗಿಸಿ, ಯಾವುದೋ ರಾಕ್ಷಸನ ಒಸಡಿನಂತಿದ್ದ ಎರಡು ಅಚ್ಚುಗಳನ್ನು ಆಟೋದಲ್ಲಿ ಹೇರಿಕೊಂಡು ಅಳಿಯ ಗುಜರಿ ಅಂಗಡಿಗಳನ್ನು ಸುತ್ತಿದ. ಮೊದಲನೆಯವನು ಬಸ್ಸಿನ ಬಾಗಿಲು ತೋರಿಸಿದ. ಎರಡನೆಯವನ ಹತ್ತಿರ ಎರಡೂ ಎಡಗಡೆಯವೇ ಇದ್ದವು. "ಒಂದನ್ನ ತಿರುವಿ ಹಾಕ್ಕೊಳಿ ಸಾರ್," ಎಂದ. ಮೂರನೆಯವನ ಹತ್ತಿರ ಅದೇ ಕಂಪನಿಯ, ಅದೇ ಕಪ್ಪು ಬಣ್ಣದ ಜೋಡಿ ಸಿಕ್ಕಿತು. ಆದರೆ ಚಾವಣಿ ಇರುವ ಕಾರಿನದು. ಗಾಜಿನ ಸುತ್ತ ಕಬ್ಬಿಣದ ಕಟ್ಟು ಎದ್ದು ನಿಂತಿತ್ತು.

"ಕಟ್ಟು ಕತ್ತರಿಸೋದು, ಅಂಚು ಉಜ್ಜೋದು, ಅಷ್ಟೇ ತಾನೆ?" ಎಂದ ಗುಜರಿಯವನು. "ನಿಮ್ಮ ಅಚ್ಚಿಗೆ ಕೂರಿಸ್ತೀನಿ. ಕೂದಲು ತೂರಬಾರದು, ಹಾಗೆ."

ಮಾತಿಗೆ ತಪ್ಪಲಿಲ್ಲ. ವೆಲ್ಡರ್‌ನನ್ನೂ ಜೊತೆಗೆ ಕಳಿಸಿದ. ಅಳಿಯ ಮರಳಿದಾಗ ಮೂವರೂ ಕಾರಿನಲ್ಲೇ ಇದ್ದರು. ಮೇಷ್ಟ್ರು ಸಣ್ಣಗೆ ರಾಗ ಎಳೆಯುತ್ತಿದ್ದರು, ಪೋಸ್ಟ್‌ಮಾಸ್ಟರ್ ನಿದ್ದೆ ಹೋಗಿದ್ದರು. ಅವರನ್ನು ಏಳಿಸುವ ಗೋಜಿಗೆ ಹೋಗದೆ ವೆಲ್ಡರ್ ಬಾಗಿಲು ಕೂರಿಸಿದ. ಟಕ್! ಡಬ್ಬಿಯ ಮುಚ್ಚಳದಂತೆ ಮುಚ್ಚಿಕೊಂಡಿತು. ಆ ಕಡೆಯದೂ ಟಕ್! ಅಳಿಯನ ಕಣ್ಣಲ್ಲಿ ನೀರು ಬಂತು.

ವೆಲ್ಡರ್ ಹೋದ. ಬೀದಿಯ ತುದಿಯಲ್ಲಿ ಮಾವನ ಟ್ಯಾಕ್ಸಿ ಕಾಣಿಸಿತು. ಮೂವರೂ ಗಡಬಡಿಸಿ ಇಳಿದರು. ಪೋಸ್ಟ್‌ಮಾಸ್ಟರ ಹೆಂಡತಿ ಕಾಲು ನೆಲಕ್ಕಿಟ್ಟದ್ದೇ ಕಾರು ನಿಟ್ಟುಸಿರು ಬಿಟ್ಟು ನಡು ಎತ್ತಿತು. ಅಳಿಯ ಬಾಗಿಲು ತಳ್ಳಿದ. ಕೊಂಡಿ ಎಟುಕಲಿಲ್ಲ. ಮಂಡಿಯಿಂದ ಗುದ್ದಿದ. ಬಾಗಿಲು ಮೆಲ್ಲಗೆ ಮತ್ತೆ ಬಾಯಿ ತೆರೆಯಿತು.

ಆಗ ಹೊಳೆಯಿತು. ಚಾವಣಿಯಿಲ್ಲದ ಕಾರು ಭಾರಕ್ಕೆ ನಡುವಲ್ಲಿ ಬಗ್ಗುತ್ತದೆ. ಬಗ್ಗಿದ್ದಾಗಲೇ ತಾನು ಅಚ್ಚು ತೆಗೆದಿದ್ದು. ಅಷ್ಟು ತೂಕ ಒಳಗಿದ್ದರೆ ಮಾತ್ರ ಈ ಬಾಗಿಲು ಮುಚ್ಚುತ್ತದೆ.

"ಹತ್ತಿ! ಎಲ್ರೂ ಹತ್ತಿ! ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ!"

ಟಕ್. ಟಕ್.

ಮಾವ ಕೋಲೂರಿಕೊಂಡು ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಏನಯ್ಯಾ, ಇವರೆಲ್ಲ ನನ್ನ ಗಾಡೀಲಿ ಏನು ಮಾಡ್ತಿದ್ದಾರೆ?"

"ನಿಮ್ಮನ್ನ ಸ್ವಾಗತ ಮಾಡೋಕೆ ಕೂತಿದ್ದಾರಪ್ಪಾ," ಎಂದಳು ಮಗಳು.

ಮಾವ ಬಾಗಿಲು ತಟ್ಟಿ ನೋಡಿದರು. "ಪರವಾಗಿಲ್ವೇ! ಮುಂಚೆ ಲೊಡಲೊಡ ಅಂತಿತ್ತು. ನಾಳೆ ಬೆಳಿಗ್ಗೆ ನಾನೊಬ್ಬನೇ ಒಂದು ಸುತ್ತು ಹೋಗಿಬರ್ತೀನಿ."

"ಒಬ್ರೇ ಯಾಕೆ ಮಾವ? ಅಕ್ಕನೂ ಬರ್ತಾರೆ," ಎಂದ ಅಳಿಯ.

"ಅಯ್ಯೋ, ನಾಳೆ ನಾನು ಮಗಳ ಮನೆಗೆ ಹೊರಟೆ ಕಣಪ್ಪ. ಬಾಣಂತನ. ಮೂರು ತಿಂಗಳು ಬರಲ್ಲ."

ಮಾವ ಸ್ನಾನಕ್ಕೆ ಹೋದರು, ಮೂವರೂ ಇಳಿದು ತಮ್ಮ ತಮ್ಮ ಮನೆಗೆ ಹೋದರು. ಅಳಿಯ ಕೋಣೆಯಿಂದ ಪ್ಲಾಸ್ಟರ್ ಚೀಲಗಳನ್ನು ಒಂದೊಂದೇ ಬೆನ್ನ ಮೇಲೆ ಹೊತ್ತು ತಂದು ಕಾರಿನ ಸೀಟಿನಡಿ, ಸೀಟಿನ ಮೇಲೆ ತುರುಕತೊಡಗಿದ.

"ಎಲ್ಲಿಗ್ರೀ ಅವು?" ಎಂದಳು ಹೆಂಡತಿ.

"ಬೀದಿಗೆ. ನಿಮ್ಮಪ್ಪ ಹೇಳಿದ್ರಲ್ಲ."

ಕೋಣೆ ಖಾಲಿಯಾಯಿತು. ಅಳಿಯ ಬಾಗಿಲು ತಳ್ಳಿದ. ಇನ್ನೂ ಒಂದು ಬೆರಳು ಕಡಿಮೆ. ಅತ್ತಿತ್ತ ನೋಡಿ, ತಾನೇ ಒಳಗೆ ಹತ್ತಿ ಚೀಲಗಳ ಮೇಲೆ ಕೂತು ಎಳೆದುಕೊಂಡ.

ಟಕ್.

"ನಿಮ್ಮಪ್ಪಂಗೆ ಹೇಳು," ಎಂದ ಒಳಗಿನಿಂದ, "ನಾಳೆ ನಾನೂ ಬರ್ತೀನಿ ಅಂತ."

"ನಾಳೆ ಸರಿ. ನಾಡಿದ್ದು?"

ಅಳಿಯ ಉತ್ತರಿಸಲು ಬಾಯಿ ತೆರೆದ. ಬಂದದ್ದು ಸೀನು. ಎರಡೂ ಬಾಗಿಲು ತೆರೆದುಕೊಂಡವು.