ಇಕ್ಕಟ್ಟು ಬಾಗಿಲು, ಬಾಡಿಗೆ ಟ್ರೇಲರು

ದೇವರು ನನಗೆ ಹಾಡುವ ಕಂಠ ಕೊಡಲಿಲ್ಲ, ಅಡುಗೆಯ ಕೈ ಕೊಡಲಿಲ್ಲ. ಆದರೆ ಕಂಡದ್ದರಲ್ಲೆಲ್ಲ ನಂಬಿಕೆಯ ಪಾಠ ಹುಡುಕುವ ವರವೊಂದನ್ನು ಮಾತ್ರ ಧಾರಾಳವಾಗಿ ಕೊಟ್ಟಿದ್ದಾನೆ ಎಂದು ನಾನು ಬಹಳ ಕಾಲ ನಂಬಿದ್ದೆ. ಟೋಸ್ಟರಿನಿಂದ ಬ್ರೆಡ್ಡು ಮೇಲಕ್ಕೆ ಚಿಮ್ಮಿದರೆ ನನಗೆ ಪುನರುತ್ಥಾನ ನೆನಪಾಗುತ್ತಿತ್ತು. ರೌಂಡಬೌಟಿನಲ್ಲಿ ಬಲಗಡೆಯವರಿಗೆ ದಾರಿ ಬಿಡುವಾಗ ದೀನತೆ ನೆನಪಾಗುತ್ತಿತ್ತು. ಗಾಜಿನ ಬಾಟಲಿಗಳನ್ನು ಒಂದು ಕಡೆ, ಉಳಿದ ಕಸವನ್ನು ಇನ್ನೊಂದು ಕಡೆ ಹಾಕುವಾಗ ಗೋಧಿಯನ್ನೂ ಹಣಜಿ ಎಂಬ ಕಳೆಯನ್ನೂ ಬೇರ್ಪಡಿಸುವ ಕಡೆಯ ದಿನ ಕಣ್ಣ ಮುಂದೆ ಬರುತ್ತಿತ್ತು.

ಇವನ್ನೆಲ್ಲ ನಾನು ತಪ್ಪದೆ ನನ್ನ ಹೆಂಡತಿ ಸುಗುಣಾಳಿಗೆ ಹೇಳುತ್ತಿದ್ದೆ. ಅವಳು ಗದಗಿನವಳು, ಮಾತು ನೇರ.

"ನಿಮಗ ಎಲ್ಲಾ ಕಡೆ ಪಾಠ ಸಿಗತಾವ. ನನಗ ಎಲ್ಲಾ ಕಡೆ ನೀವು ಕುಡದಿಟ್ಟ ಚಾದ ಕಪ್ ಸಿಗತಾವ," ಎನ್ನುತ್ತಿದ್ದಳು.

ನಾವಿರುವ ಪಾಮರ್ಸ್ಟನ್ ನಾರ್ತ್ ಎಂಬ ಈ ವಿದೇಶಿ ಊರಿನಲ್ಲಿ ಕನ್ನಡ ಮಾತಾಡುವ ಕ್ರೈಸ್ತರ ಮನೆಗಳು ಕೆಲವೇ ಕೆಲವು. ತಿಂಗಳಿಗೊಮ್ಮೆ ಎಲ್ಲರೂ ಸೇರಿ ಪ್ರಾರ್ಥನಾ ಕೂಟ ನಡೆಸುತ್ತೇವೆ. ಮೈಸೂರಿನಲ್ಲಿ ಮೇಷ್ಟರಾಗಿದ್ದು ಈಗ ಮಗಳ ಮನೆಯಲ್ಲಿರುವ ಜಯರಾಜ್ ಅಂಕಲ್ ಅದರ ಹಿರಿಯರು. ಒಂದು ಸಂಜೆ ಅವರು ಫೋನ್ ಮಾಡಿದರು.

"ದೇವಕುಮಾರ, ಈ ಸಲ ದಿನನಿತ್ಯದ ಬದುಕಲ್ಲಿ ನಂಬಿಕೆಯ ಪಾಠ ನೀನೇ ಹೇಳ್ಬೇಕು ಕಣಪ್ಪ. ಚಿಕ್ಕದಾಗಿರ್ಲಿ. ಸಾರಿಗೆ ಒಗ್ಗರಣೆ ಹಾಕೋಷ್ಟು ಹೊತ್ತು, ಅಷ್ಟೆ. ಇನ್ನೊಂದು ವಿಷಯ. ಮಾರ್ಗರೆಟ್ ಅವರು ನಮಗೆ ಆರ್ಗನ್ ಕೊಡ್ತಾರಂತೆ. ಅದನ್ನ ತರೋಕೆ ಯಾರಾದ್ರೂ ಬೇಕು."

"ಎರಡೂ ನಾನೇ ನೋಡ್ಕೋತೀನಿ ಅಂಕಲ್," ಎಂದೆ.

ಮಾರ್ಗರೆಟ್ ಇಲ್ಲಿಯ ಚರ್ಚಿನ ವಯಸ್ಸಾದ ಹೆಂಗಸು. ನಾವು ಮೊಬೈಲಿನಲ್ಲಿ ರಾಗ ಹಾಕಿಕೊಂಡು, ರಾಗ ಒಂದು ಕಡೆ ನಾವು ಒಂದು ಕಡೆ ಹಾಡುವುದನ್ನು ಒಮ್ಮೆ ಕೇಳಿದ್ದರು. ಅವರಿಗೆ ಏನನ್ನಿಸಿತೋ, ತಮ್ಮ ತಾಯಿಯ ಕಾಲದ, ಕಾಲಿನಿಂದ ತುಳಿದು ನುಡಿಸುವ ಆರ್ಗನ್ನನ್ನು ನಮಗೇ ಕೊಡುತ್ತೇನೆ ಎಂದುಬಿಟ್ಟರು. ಬರುವ ಕೂಟದಲ್ಲಿ ಮೊದಲ ಹಾಡನ್ನು ತಾವೇ ನುಡಿಸಿ ಒಪ್ಪಿಸುತ್ತೇನೆ ಎಂದೂ ಹೇಳಿದ್ದರು. ಸ್ವಂತದ್ದೆಂದು ಒಂದು ಕುರ್ಚಿಯೂ ಇಲ್ಲದ ನಮ್ಮ ಕೂಟಕ್ಕೆ ಇದು ಸಣ್ಣ ವಿಷಯವಲ್ಲ.

ತರುವುದಕ್ಕೆ ಕಾರಿನ ಹಿಂದೆ ಎಳೆಯುವ ಚಕ್ರದ ಗಾಡಿ, ಅಂದರೆ ಒಂದು ಟ್ರೇಲರು ಬೇಕು. ಇಲ್ಲಿ ಪೆಟ್ರೋಲ್ ಬಂಕಿನಲ್ಲೇ ಟ್ರೇಲರು ಬಾಡಿಗೆಗೆ ಸಿಗುತ್ತದೆ. ನಮ್ಮ ಹಳೆಯ ಕಾರಿನ ಹಿಂದೆ ಅದನ್ನು ಸಿಕ್ಕಿಸುವ ಕಬ್ಬಿಣದ ಗುಂಡು ಮೊದಲಿನಿಂದಲೂ ಇತ್ತು. ಆವರೆಗೆ ಅದು ಉಪಯೋಗಕ್ಕೆ ಬಂದದ್ದು ನನ್ನ ಮೊಣಕಾಲಿಗೆ ತಗಲುವುದಕ್ಕೆ ಮಾತ್ರ.

ಕೂಟದ ದಿನ ಬೆಳಿಗ್ಗೆ ಸುಗುಣಾಳ ಜೊತೆ ಬಂಕಿಗೆ ಹೋದಾಗ, "ಟ್ರೇಲರು ಎಳೆದು ಅಭ್ಯಾಸ ಇದೆಯಾ?" ಎಂದು ಬಂಕಿನ ಹೆಂಗಸು ಕೇಳಿದಳು.

"ನಾನು ರಸ್ತೆ ಇಂಜಿನಿಯರ್," ಎಂದೆ.

ಅವಳು ಕೇಳಿದ್ದು ಅದಲ್ಲ. ಆದರೂ ನನ್ನ ಮಾತಿನಲ್ಲಿ ಸುಳ್ಳಿರಲಿಲ್ಲ. ದೊಡ್ಡ ದೊಡ್ಡ ಲಾರಿಗಳು ತಿರುವಿನಲ್ಲಿ ಹೇಗೆ ತಿರುಗಬೇಕು ಎಂದು ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದೇ ನನ್ನ ಉದ್ಯೋಗ. ಕಂಪ್ಯೂಟರಿನ ಲಾರಿಗಳು ನನಗೆ ಎಂದೂ ಎದುರಾಡಿದವಲ್ಲ.

ಮಾರ್ಗರೆಟ್ ಮನೆಯಲ್ಲಿ ಅಕ್ಕಪಕ್ಕದವರು ಕೈಹಾಕಿ ಆರ್ಗನ್ನನ್ನು ಟ್ರೇಲರಿಗೆ ಏರಿಸಿದರು. ಮಾರ್ಗರೆಟ್ ಅದರ ಮುಚ್ಚಳವನ್ನು ಒಮ್ಮೆ ಅಂಗೈಯಿಂದ ಸವರಿ, "ಜೋಪಾನ," ಎಂದಷ್ಟೇ ಹೇಳಿ ಒಳಗೆ ಹೋದರು. ಹೋಗುವಾಗ ತಿರುಗಿ ನೋಡಲಿಲ್ಲ. ನನಗೆ ಆಗ ಮೊದಲ ಬಾರಿ ಸ್ವಲ್ಪ ಭಯವಾಯಿತು. ಹಗ್ಗವನ್ನು ಇನ್ನೊಂದು ಸುತ್ತು ಬಿಗಿದೆ.

ಏರಿಸುವಾಗಲೇ ಆರ್ಗನ್ನಿನ ನುಡಿಸುವ ಕೀಲಿಗಳಲ್ಲೊಂದು ಒತ್ತಿದಂತೆಯೇ ಸಿಕ್ಕಿಕೊಂಡಿತ್ತೋ ಏನೋ. ರಸ್ತೆಯಲ್ಲಿ ಪ್ರತಿ ಉಬ್ಬಿಗೂ ಆರ್ಗನ್ನು "ಊಂ" ಎಂದು ನರಳುತ್ತಿತ್ತು. ಹೊಟ್ಟೆ ನೋಯುವ ಎಮ್ಮೆಯನ್ನು ಹಿಂದೆ ಕಟ್ಟಿಕೊಂಡು ಹೋದ ಹಾಗಾಯಿತು. ಪಕ್ಕದಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ಎರಡು ಸಲ ನಮ್ಮನ್ನು ನೋಡಿದ.

ನಮ್ಮ ಮಾಮೂಲಿ ಜಾಗದಲ್ಲಿ ಬಣ್ಣ ಬಳಿಯುತ್ತಿದ್ದರಿಂದ ಕೂಟ ಈ ಸಲ ರಿಮು ಸ್ಟ್ರೀಟಿನ ಒಂದು ಸಭಾಂಗಣದಲ್ಲಿತ್ತು. "ಹಸಿರು ಬಣ್ಣದ್ದು, ನೋಡೋಕೆ ಶೆಡ್ ತರ ಇರುತ್ತೆ," ಎಂದಿದ್ದರು ಅಂಕಲ್. ನಾನು ಫೋನಿನಲ್ಲಿ ಅವರು ಕೊಟ್ಟ ನಂಬರು ಹಾಕಿ, ರಿಮು ಎಂದು ಒತ್ತಿ, ಮೊದಲು ಬಂದ ಹೆಸರನ್ನೇ ಮುಟ್ಟಿದೆ. ಫೋನು ಕರೆದುಕೊಂಡು ಹೋದ ಕಡೆ ಹೋದೆವು. ಅಲ್ಲಿ ಕಿರಿದಾದ ಒಂದು ಗೇಟು, ಉದ್ದನೆಯ ಡ್ರೈವ್‌ವೇ, ಅದರ ಕೊನೆಯಲ್ಲಿ ಹಸಿರು ಶೆಡ್ಡು. ಯಾರೂ ಬಂದಿರಲಿಲ್ಲ. ನಮ್ಮವರು ಹೇಳಿದ ಹೊತ್ತಿಗೆ ಬರುವವರೇ ಅಲ್ಲವಾದ್ದರಿಂದ ನನಗೆ ಅನುಮಾನ ಬರಲು ಕಾರಣವೇ ಇರಲಿಲ್ಲ.

ಒಳಗೆ ಕಾರು ತಿರುಗಿಸಲು ಜಾಗವಿಲ್ಲ. ಹಿಮ್ಮುಖವಾಗಿಯೇ ಹೋಗಬೇಕು. ಸುಗುಣಾ ಇಳಿದು ಹಿಂದೆ ನಿಂತಳು.

"ಬರ್ರಿ, ಬರ್ರಿ... ಎಡಕ್ಕ ತಿರಗಸ್ರಿ."

ಎಡಕ್ಕೆ ತಿರುಗಿಸಿದೆ. ಟ್ರೇಲರು ಬಲಕ್ಕೆ ಹೋಯಿತು.

"ಎಡಕ್ಕ ಅಂದ್ನಿ."

"ಯಾರ ಎಡಕ್ಕೆ?"

"ಟ್ರೇಲರಿನ ಎಡಕ್ಕ."

ಹಿಮ್ಮುಖವಾಗಿ ಹೋಗುವಾಗ ಟ್ರೇಲರು ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗು ಬಲಕ್ಕೆ ತಿರುಗಬೇಕು. ಇದು ನನಗೆ ಗೊತ್ತಿದ್ದದ್ದೇ. ಕೈಗೆ ಗೊತ್ತಿರಲಿಲ್ಲ. ಆದರೂ ಆ ಗಡಿಬಿಡಿಯಲ್ಲೇ ನನ್ನ ವರ ಎಚ್ಚರವಾಯಿತು. ಕಿಟಕಿಯಿಂದ ತಲೆ ಹೊರಹಾಕಿ, "ನೋಡಿದ್ಯಾ ಸುಗುಣಾ, ಮುಂದಿನವರು ಹಿಂದಾಗ್ತಾರೆ, ಹಿಂದಿನವರು ಮುಂದಾಗ್ತಾರೆ ಅಂತ ಬೈಬಲಲ್ಲಿ ಸ್ವಾಮಿ ಹೇಳಿದ್ದು ಇದನ್ನೇ," ಎಂದೆ.

"ನಿಂದರ್ರಿ, ನಿಂದರ್ರಿ... ಅಯ್ಯ, ನಿಂದರ್ರಿ ಅಂದ್ರ ಬರಾಕತ್ತೀರಲ್ರೀ."

ಅಷ್ಟರಲ್ಲಿ ಕಾರೂ ಟ್ರೇಲರೂ ಅಡಕತ್ತರಿಯ ಎರಡು ಬಾಯಿಗಳಂತೆ ಮಡಚಿಕೊಂಡು ರಸ್ತೆಗೆ ಅಡ್ಡಲಾಗಿ ನಿಂತಿದ್ದವು. ಆರ್ಗನ್ನು "ಊಂ" ಎಂದಿತು.

ಮುಂದಕ್ಕೆ ಹೋದೆ, ಮತ್ತೆ ಹಿಂದಕ್ಕೆ ಬಂದೆ. ಹೀಗೆ ಎಷ್ಟು ಸಲ ಎಂದು ಕೇಳಬೇಡಿ. ಕೊರಿಯರ್ ವ್ಯಾನಿನವನೊಬ್ಬ ಬಂದು, ಕಾದು, ಪೊಟ್ಟಣ ಹಿಡಿದುಕೊಂಡು ನಡೆದೇ ಹೋದ. ಬೆಟ್ಟದ ಸಾಲಿನ ಕಡೆಯಿಂದ ಕಪ್ಪು ಮೋಡ ಏರುತ್ತಿತ್ತು. ಈ ಊರಿನ ಗಾಳಿ ಆರ್ಗನ್ನಿನ ಮೇಲಿನ ಟಾರ್ಪಾಲನ್ನು ಎತ್ತಿ ಎತ್ತಿ ನೋಡುತ್ತಿತ್ತು.

ಆಗ ಚಡ್ಡಿ, ಗಂಬೂಟು ಹಾಕಿಕೊಂಡ ಒಬ್ಬರು ಒಳಗಿನಿಂದ ನಿಧಾನವಾಗಿ ನಡೆದು ಬಂದರು. ಸಭಾಂಗಣದ ಉಸ್ತುವಾರಿ ನೋಡಿಕೊಳ್ಳುವವರು ಇರಬೇಕೆಂದುಕೊಂಡೆ.

"ಆರ್ಗನ್ ತಂದಿದ್ದೇವೆ," ಎಂದೆ.

"ಓ. ಆರ್ಗನ್," ಎಂದರು. ಅವರ ಮುಖದಲ್ಲಿ ಏನೋ ಒಂದು ದಿಗಿಲು ಸುಳಿಯಿತು. ನಾನು ಅದನ್ನು ಭಕ್ತಿ ಎಂದು ತಿಳಿದೆ. "ಶೆಡ್ಡಿಗೇ ಅಲ್ವಾ?"

"ಹೌದು, ಶೆಡ್ಡಿಗೇ."

"ಸರಿ ಮೇಟ್. ಏನೂ ತೊಂದರೆ ಇಲ್ಲ."

ಹೆಸರು ಗ್ರೆಗ್ ಎಂದರು. ಕಸದ ಬಿನ್ನುಗಳನ್ನು ಪಕ್ಕಕ್ಕೆ ಸರಿಸಿದರು. ಗೇಟಿನ ಬಾಗಿಲನ್ನೇ ಕೀಲಿನಿಂದ ಎತ್ತಿ ಬೇಲಿಗೆ ಒರಗಿಸಿದರು. ನಾನು ಹೊಸ ಹುರುಪಿನಿಂದ ಹಿಂದಕ್ಕೆ ಬಂದೆ. ಸುಗುಣಾ ಕೂಗಿದಳು. ಚಟಕ್ ಎಂಬ ಸದ್ದಾಯಿತು. ಗೇಟಿನ ಪಕ್ಕದಲ್ಲಿದ್ದ, ಪುಟ್ಟ ಮನೆಯ ಆಕಾರದ ಅಂಚೆಪೆಟ್ಟಿಗೆ ಕಂಬದ ಸಮೇತ ಲ್ಯಾವೆಂಡರ್ ಗಿಡಗಳ ಮೇಲೆ ಅಂಗಾತ ಮಲಗಿತು.

ಗ್ರೆಗ್ ಅದನ್ನು ಒಂದು ಕ್ಷಣ ನೋಡಿದರು. "ಅದನ್ನ ನಾನೇ ಮಾಡಿದ್ದು," ಎಂದರು. ಆಮೇಲೆ ಕಂಬವನ್ನು ಬೂಟಿನಿಂದ ಪಕ್ಕಕ್ಕೆ ಸರಿಸಿ, "ಇರಲಿ ಬಿಡಿ," ಎಂದರು.

ನಾನು ಕಾರಿನಿಂದ ಇಳಿದು ಸುಗುಣಾಳ ಪಕ್ಕ ನಿಂತೆ. "ಇವತ್ತಿನ ಪಾಠ ಸಿಕ್ಕಿತು," ಎಂದೆ. "ಬೈಬಲ್ ಹೇಳೋ ಇಕ್ಕಟ್ಟಾದ ಬಾಗಿಲು. ಜೀವಕ್ಕೆ ಹೋಗೋ ದಾರಿ ಎಷ್ಟು ಕಷ್ಟ ಅಂತ ಇವತ್ತು ಮೈಗೆ ಗೊತ್ತಾಯ್ತು."

"ನಿಮ್ಮ ಮೈಗಲ್ಲ, ಆ ಟಪಾಲ ಪೆಟಿಗಿ ಮೈಗೆ ಗೊತ್ತಾಗೇತಿ," ಎಂದಳು ಸುಗುಣಾ.

ಗ್ರೆಗ್ ಗಂಟಲು ಸರಿಮಾಡಿಕೊಂಡರು. ಬಹಳ ಹೊತ್ತಿನಿಂದ ಹೇಳಬೇಕೆಂದಿದ್ದರೂ ಮರ್ಯಾದೆಗೆ ತಡೆದುಕೊಂಡಿದ್ದವರ ಹಾಗೆ, "ಟ್ರೇಲರನ್ನ ಕಾರಿನಿಂದ ಬಿಚ್ಚಿ ಕೈಯಲ್ಲೇ ತಳ್ಳಬಹುದು, ಅಲ್ವಾ?" ಎಂದರು.

ಬಿಚ್ಚಿದೆವು. ತಳ್ಳಿದೆವು. ಟ್ರೇಲರು ಒಳ್ಳೆಯ ಹಸುವಿನಂತೆ ನೇರವಾಗಿ ಒಳಗೆ ಹೋಯಿತು. ಮೊದಲ ಹನಿ ಬೀಳುವಷ್ಟರಲ್ಲಿ ಮೂವರೂ ಸೇರಿ ಆರ್ಗನ್ನನ್ನು ಶೆಡ್ಡಿನೊಳಗೆ ಇಳಿಸಿಯೂ ಆಗಿತ್ತು. ಒಳಗೆ ಹುಲ್ಲು ಕತ್ತರಿಸುವ ಯಂತ್ರ, ಒಂದು ದೋಣಿ, ಪೇಂಟಿನ ಡಬ್ಬಗಳು ಇದ್ದವು. ಪಾಪ, ಸಭಾಂಗಣದವರಿಗೆ ಸಾಮಾನು ಇಡಲು ಬೇರೆ ಜಾಗವಿಲ್ಲವೇನೋ ಎಂದುಕೊಂಡೆ. ಆರ್ಗನ್ನಿನ ಮೇಲೆ ಕೈಯಿಟ್ಟು, ಸುರಕ್ಷಿತವಾಗಿ ತಲುಪಿಸಿದ್ದಕ್ಕಾಗಿ ದೇವರಿಗೆ ಸ್ತೋತ್ರ ಹೇಳಿ ಕನ್ನಡದಲ್ಲಿ ಪ್ರಾರ್ಥನೆ ಮಾಡಿದೆ. ಗ್ರೆಗ್ ಟೋಪಿ ತೆಗೆದು ತಲೆ ಬಗ್ಗಿಸಿ ನಿಂತರು. ನಾನು ಆಮೆನ್ ಎಂದು ಕಣ್ಣು ತೆರೆದಾಗ ಶೆಡ್ಡಿನ ಬಾಗಿಲಲ್ಲಿ ಒದ್ದೆಯಾದ ನಾಯಿಯನ್ನು ಹಿಡಿದುಕೊಂಡು ಒಬ್ಬ ಹೆಂಗಸು ನಿಂತಿದ್ದರು.

"ಗ್ರೆಗ್, ಆರ್ಗನ್ ಯಾಕೆ ಕೊಂಡೆ?" ಎಂದು ಅವರು ಕೇಳಿದರು.

"ನಾನೆಲ್ಲಿ ಕೊಂಡೆ ಲಿಂಡಾ? ನೀನು ಕೊಂಡಿರೋದು ಅಂದುಕೊಂಡೆ. ಹಳೇ ಸಾಮಾನು ಕಂಡರೆ ನೀನು ಬಿಡಲ್ಲವಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ಸುಗುಣಾ ಮಾತ್ರ ನನ್ನನ್ನು ನೋಡಲಿಲ್ಲ. ಅವಳು ದೋಣಿಯನ್ನು ನೋಡುತ್ತಿದ್ದಳು.

"ಇದು ರಿಮು ಸ್ಟ್ರೀಟಿನ ಸಭಾಂಗಣ ಅಲ್ವಾ?" ಎಂದೆ.

"ಇದು ರಿಮು ಪ್ಲೇಸ್," ಎಂದರು ಗ್ರೆಗ್, ನೋವಾಗದ ಹಾಗೆ. "ಸ್ಟ್ರೀಟು ಆ ಕಡೆ, ಮೂಲೆ ತಿರುಗಿದರೆ."

ನಾನು ಕ್ಷಮೆ ಕೇಳಲು ಶುರುಮಾಡಿದೆ. ಗೇಟಿಗೆ ಒಂದು, ಲ್ಯಾವೆಂಡರಿಗೆ ಒಂದು, ಶೆಡ್ಡಿಗೆ ಒಂದು, ಹೀಗೆ ಬೇರೆ ಬೇರೆಯಾಗಿ ಕೇಳಿದೆ. ಅಂಚೆಪೆಟ್ಟಿಗೆಗೆ ಬಂದಾಗ ಲಿಂಡಾ ತಡೆದರು. ಗಂಡ ಆ ಕಡೆ ಹಗ್ಗ ಹುಡುಕುತ್ತಿದ್ದುದನ್ನು ಖಚಿತಮಾಡಿಕೊಂಡು ತಗ್ಗಿದ ದನಿಯಲ್ಲಿ, "ಅದು ಯಾವಾಗ ಬೀಳುತ್ತೋ ಅಂತ ವರ್ಷಗಳಿಂದ ಕಾಯ್ತಿದ್ದೆ. ದಯವಿಟ್ಟು ರಿಪೇರಿ ಮಾಡಿಸಬೇಡಿ," ಎಂದರು.

ಎದೆಯ ಮೇಲಿನ ಒಂದು ಕಲ್ಲು ಇಳಿಯಿತು.

ಕಾರಿಗೆ ಬಂದು ನೋಡಿದರೆ ಫೋನಿನ ತುಂಬ ಅಂಕಲ್ ಕರೆಗಳು. ನಮ್ಮ ಕೂಟದ ಇತಿಹಾಸದಲ್ಲೇ ಮೊದಲ ಬಾರಿಗೆ ಎಲ್ಲರೂ ಹೇಳಿದ ಹೊತ್ತಿಗೆ ಬಂದಿದ್ದರಂತೆ. ಮಾರ್ಗರೆಟ್ ಕೂಡ ಬಂದು ಮುಂದಿನ ಕುರ್ಚಿಯಲ್ಲಿ ಕೂತು, ಆರ್ಗನ್ ಎಲ್ಲಿ ಎಂದು ಕೇಳದೆ ಕಾಯುತ್ತಿದ್ದರಂತೆ. ಹಾಗೆ ಕೇಳದಿದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ಆರ್ಗನ್ನನ್ನು ಮತ್ತೆ ಏರಿಸಿ, ಟಾರ್ಪಾಲು ಮುಚ್ಚಿ, ಟ್ರೇಲರನ್ನು ಕಾರಿಗೆ ಸಿಕ್ಕಿಸಿದೆವು. ಎತ್ತಲು ಕೈ ಬೇಕಾಗುತ್ತದೆ ಎಂದು ಗ್ರೆಗ್, ಲಿಂಡಾ ಇಬ್ಬರೂ ತಮ್ಮ ಕಾರಿನಲ್ಲಿ ಹಿಂದೆಯೇ ಬಂದರು. ಮೂಲೆ ತಿರುಗಿದರೆ ಸಭಾಂಗಣ ಎದುರಿಗೇ ಇತ್ತು. ಅದರ ಗೇಟಿನ ಮುಂದೆ ನಾನು ಬ್ರೇಕು ಒತ್ತಿ ಸುಮ್ಮನೆ ಕೂತೆ. ಅಷ್ಟು ಅಗಲವಾದ ಗೇಟನ್ನು ನಾನು ಈ ಊರಿನಲ್ಲೇ ಕಂಡಿರಲಿಲ್ಲ. ಎರಡು ಬಸ್ಸು ಅಕ್ಕಪಕ್ಕ ಹೋಗಬಹುದಿತ್ತು. ಒಳಗೆ ಹೋಗಿ, ಒಂದು ಸುತ್ತು ಹಾಕಿ, ಬಾಗಿಲಿಗೇ ಟ್ರೇಲರು ತಂದು ನಿಲ್ಲಿಸಬಹುದಿತ್ತು. ರಿವರ್ಸ್ ಗೇರಿನ ಹಂಗೇ ಇರಲಿಲ್ಲ.

"ಇಕ್ಕಟ್ಟಾದ ಬಾಗಲಾ ಎಲ್ಲಿ ಹೋತ್ರಿ?" ಎಂದಳು ಸುಗುಣಾ.

ನಾನು ಗೇರು ಹಾಕಿ ಕಾರನ್ನು ಒಳಗೆ ನಡೆಸಿದೆ.

ಆರ್ಗನ್ನು ಒಳಗೆ ಬಂದಾಗ ಮತ್ತೊಮ್ಮೆ "ಊಂ" ಎಂದಿತು. ನಾನು ಮಾರ್ಗರೆಟ್ ಮುಂದೆ ತಪ್ಪಿತಸ್ಥನಂತೆ ನಿಂತು, "ಒಂದು ಕೀಲಿ ಸಿಕ್ಕಿಕೊಂಡಿದೆ. ನನ್ನಿಂದ ಹಾಳಾಯಿತೋ ಏನೋ," ಎಂದೆ. ಅವರು ಎದ್ದು ಬಂದು ಮುಚ್ಚಳ ತೆರೆದು, ಆ ಕೀಲಿಯ ಕೆಳಗೆ ಉಗುರು ಸೇರಿಸಿ ಟಪ್ ಎಂದು ಮೇಲೆತ್ತಿದರು. "ಜಾಗ ಬದಲಾಯಿಸಿದಾಗೆಲ್ಲ ಇವಳು ಹೀಗೇ ಮುನಿಸಿಕೊಳ್ಳುತ್ತಾಳೆ. ನನ್ನ ತಾಯಿಯ ಕಾಲದಿಂದಲೂ," ಎಂದರು. ಸದ್ಯ ಎಂದುಕೊಂಡು ನಾನು ಅಲ್ಲೇ ಕೂತುಬಿಟ್ಟೆ.

ಅವರು ನುಡಿಸಿದರು, ನಾವು ಕನ್ನಡದಲ್ಲಿ ಹಾಡಿದೆವು. ಅವತ್ತು ರಾಗವೂ ನಾವೂ ಒಂದೇ ಕಡೆ ಹೋದೆವು. ಮಾರ್ಗರೆಟ್ ಕಣ್ಣು ಒರೆಸಿಕೊಂಡರು, ಆದರೆ ನಗುತ್ತಿದ್ದರು. ಗ್ರೆಗ್ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದರು.

ಆಮೇಲೆ ಅಂಕಲ್ ನನ್ನನ್ನು ಕರೆದರು. ನಾನು ಎದ್ದು ನಿಂತು, ಬೇರೇನೂ ತೋಚದೆ, ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಜನ ಎಷ್ಟು ನಕ್ಕರೆಂದರೆ ಒಗ್ಗರಣೆಯ ಹೊತ್ತು ದಾಟಿ ಸಾರು ಕುದಿದು ಬತ್ತುವ ಹೊತ್ತಾಯಿತು.

"ಅದೆಲ್ಲ ಸರಿ ಕಣಪ್ಪ," ಎಂದರು ಅಂಕಲ್ ಕಣ್ಣೀರು ಒರೆಸಿಕೊಳ್ಳುತ್ತ. "ಪಾಠ ಏನು?"

ನಾನು ಯೋಚಿಸಿದೆ. ಜೀವನದಲ್ಲಿ ಮೊದಲ ಬಾರಿಗೆ ನನಗೆ ಯಾವ ಪಾಠವೂ ಹೊಳೆಯಲಿಲ್ಲ. ಹೆಂಗಸರ ಸಾಲಿನಿಂದ ಸುಗುಣಾ ಹೇಳಿದಳು: "ಪಾಠ ಏನಂದ್ರ ಅಂಕಲ್, ಪ್ರಾರ್ಥನಾ ಮಾಡೋಕ್ಕಿಂತ ಮೊದಲ ವಿಳಾಸ ನೋಡಬೇಕು."

"ಆಮೆನ್," ಎಂದರು ಅಂಕಲ್. ಇಡೀ ಸಭಾಂಗಣ ಆಮೆನ್ ಎಂದಿತು. ನನ್ನ ಯಾವ ಪಾಠಕ್ಕೂ ಅಷ್ಟು ಜೋರಾದ ಆಮೆನ್ ಸಿಕ್ಕಿದ್ದಿಲ್ಲ.

ಊಟ ಮುಗಿಸಿ ಖಾಲಿ ಟ್ರೇಲರನ್ನು ಎಳೆದುಕೊಂಡು ಬಂಕಿಗೆ ಹೋದೆವು. ಅಲ್ಲಿ ಉಳಿದ ಟ್ರೇಲರುಗಳೆಲ್ಲ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿದ್ದವು. ಅವುಗಳ ನಡುವೆ ಒಂದೇ ಒಂದು ಸಂದು. ನಮ್ಮದನ್ನು ಅದರೊಳಗೆ ಹಿಮ್ಮುಖವಾಗಿ ಸೇರಿಸಬೇಕು. ನಾನು ಸ್ಟಿಯರಿಂಗ್ ಹಿಡಿದು ಕೂತೆ. ಬೆಳಿಗ್ಗೆಯ ಅದೇ ಹೆಂಗಸು ಹೊರಗೆ ಬಂದು ನನ್ನ ಮುಖ ನೋಡಿದಳು.

"ಅಲ್ಲೇ ಬಿಟ್ಟು ಹೋಗಿ. ನಾನು ಹಾಕಿಕೊಳ್ಳುತ್ತೇನೆ," ಎಂದಳು.

ಕೃಪೆಯ ಬಗ್ಗೆ ನಾನು ಚರ್ಚಿನಲ್ಲಿ ಎಷ್ಟೋ ಉಪದೇಶಗಳನ್ನು ಕೇಳಿದ್ದೇನೆ. ತಲೆಯಾಡಿಸಿದ್ದೇನೆ. ಆದರೆ ಅದು ಎಷ್ಟು ಹಗುರವಾದದ್ದು ಎಂದು ನನಗೆ ಗೊತ್ತಾದದ್ದು ಆ ಮಾತು ಕೇಳಿದಾಗಲೇ. ಅವಳ ಮನಸ್ಸು ಬದಲಾಗುವ ಮೊದಲು ಟ್ರೇಲರನ್ನು ಬಿಚ್ಚಿ ಕಾರಿಗೆ ಓಡಿ ಬಂದೆ. ಉಸಿರು ತೆಗೆದುಕೊಂಡು ಸುಗುಣಾಳ ಕಡೆ ತಿರುಗಿ ಬಾಯಿ ತೆರೆದೆ.

"ಗೊತ್ತಾತು," ಎಂದಳು ಅವಳು, ಸೀಟಿನ ಬೆಲ್ಟು ಹಾಕಿಕೊಳ್ಳುತ್ತ. "ನನಗೂ ಹಂಗ ಅನಿಸ್ತು. ಈಗ ಸುಮ್ಮನ ಗಾಡಿ ಬಿಡ್ರಿ."